ಹಬ್ಬದ ಹೂವಿನಲ್ಲಿ ಹುಳ ಕಂಡರೆ

ವರಮಹಾಲಕ್ಷ್ಮಿ ಹಬ್ಬಕ್ಕೆ ಕೆ.ಆರ್. ಮಾರ್ಕೆಟ್‌ನಿಂದ ಕಟ್ಟುಗಟ್ಟಲೆ ಸೇವಂತಿಗೆ, ಗುಲಾಬಿ ತರುತ್ತೀರಿ, ಅಲ್ವಾ? ಅದನ್ನು ಸೀದಾ ದೇವರ ಮನೆಗೆ ಒಯ್ಯಬೇಡಿ. ಹಿತ್ತಲಲ್ಲೋ ಬಾಲ್ಕನಿಯಲ್ಲೋ ಹಳೇ ಬಿಳಿ ಪಂಚೆ ಹಾಸಿ, ಹೂವನ್ನು ತಲೆಕೆಳಗೆ ಹಿಡಿದು ಮೆಲ್ಲಗೆ ಕೊಡವಿ. ಗೀಟು ಎಳೆದಷ್ಟು ಸಣ್ಣದಾಗಿ, ಹಳದಿಯೋ ಕಂದೋ ಬಣ್ಣದ್ದು ಹರಿದಾಡಿದರೆ ಅದು ಥ್ರಿಪ್ಸ್. ಎಸಳಿನ ಸಂದಿಯಲ್ಲೇ ಅದರ ವಾಸ. ಗುಲಾಬಿಯ ಹೊರ ಎಸಳಲ್ಲಿ ಕಂದು ಗೀರು ಕಂಡರೂ ಬಹುಶಃ ಇದರದ್ದೇ ಕೆಲಸ. ಆ ಎರಡು ಮೂರು ಎಸಳು ಕಿತ್ತುಬಿಡಿ.

ಸೇವಂತಿಗೆಯ ತೊಟ್ಟಿಗೆ ಕಪ್ಪಗೆ ಅಂಟಿಕೊಂಡಿರುವುದು ಗಿಡಹೇನು. ಅದು ಕೊಡವಿದರೆ ಬೀಳುವುದಿಲ್ಲ. ಲೀಟರ್ ನೀರಿಗೆ ಅರ್ಧ ಚಮಚ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಹೂವನ್ನು ಅದ್ದಿ ಆಡಿಸಿ, ತಕ್ಷಣ ಒಳ್ಳೆ ನೀರಲ್ಲಿ ಜಾಲಿಸಿ. ದೇವರ ಹೂವಿಗೆ ಸೋಪಾ ಅಂತ ಮೂಗು ಮುರಿಯುವವರು ಬರೀ ನೀರಲ್ಲೇ ಮತ್ತೆ ಮತ್ತೆ ಜಾಲಿಸಲಿ, ನನ್ನ ತಕರಾರಿಲ್ಲ. ಆಮೇಲೆ ಹರಡಿ, ಫ್ಯಾನ್ ಕೆಳಗೆ ನೀರು ಆರಲು ಬಿಡಿ. ಒದ್ದೆ ಹೂವು ರಾಶಿ ಹಾಕಿದರೆ ಕೊಳೆಯುತ್ತದೆ.

ಮಲ್ಲಿಗೆ ಮೊಗ್ಗಿಗೆ ಈ ಸ್ನಾನ ಬೇಡ, ಬಣ್ಣ ಕೆಡುತ್ತದೆ. ಕಟ್ಟುವ ಮೊದಲು ಮೊರದಲ್ಲಿ ಹರಡಿ ಹೆಕ್ಕಿ. ತೂತು ಬಿದ್ದ ಮೊಗ್ಗು, ನೂಲಿನಂಥ ಬಲೆಯಿಂದ ಒಂದಕ್ಕೊಂದು ಅಂಟಿದ ಮೊಗ್ಗು ತೆಗೆದುಬಿಡಿ. ಒಳಗೆ ಹಸಿರು ಹುಳ ಕೂತಿರುತ್ತದೆ. ಡಬ್ಬಿಯಲ್ಲಿ ಫ್ರಿಜ್‌ಗೆ ಇಟ್ಟರೆ ಸಾಯುತ್ತದೆ ಅಂದುಕೊಳ್ಳಬೇಡಿ. ಚಳಿಗೆ ಸುಮ್ನೆ ಮುದುಡಿಕೊಂಡಿದ್ದು, ಹೊರಗೆ ಬಂದಮೇಲೆ ಮತ್ತೆ ಹರಿದಾಡುತ್ತದೆ.

ಜಿರಳೆಗೆ ಹೊಡೆಯುವ ಸ್ಪ್ರೇ ಮಾತ್ರ ಬೇಡವೇ ಬೇಡ. ಮುಡಿಯುವ ಹೂವು, ಮೂಸುವ ಹೂವು, ಪ್ರಸಾದದ ತಟ್ಟೆಗೂ ಉದುರುವ ಹೂವು ಅದು. ಬೇವಿನೆಣ್ಣೆ ಗಿಡಕ್ಕೆ ಸರಿ. ಕಿತ್ತ ಹೂವಿನ ಮೇಲೆ ಕಲೆ ಬೀಳುತ್ತದೆ, ವಾಸನೆ ಬೇರೆ.

ಹೂದಾನಿಯ ನೀರನ್ನು ಎರಡು ದಿನಕ್ಕೊಮ್ಮೆ ಬದಲಿಸಿ. ಬರೀ ಚೆಲ್ಲಿದರೆ ಸಾಲದು, ಒಳಮೈ ಉಜ್ಜಿ ತೊಳೆಯಿರಿ. ಡೆಂಗಿ ಸೊಳ್ಳೆ ಮೊಟ್ಟೆ ಇಡುವುದು ನೀರಿನ ಅಂಚಿಗೆ ಅಂಟಿಸಿ. ಒಣಗಿದರೂ ಅದು ತಿಂಗಳುಗಟ್ಟಲೆ ಬದುಕುತ್ತದೆ. ಇರುವೆ ಹತ್ತಿದರೆ ಹೂದಾನಿಯನ್ನು ನೀರು ತುಂಬಿದ ತಟ್ಟೆಯಲ್ಲಿಡಿ, ಆ ನೀರನ್ನೂ ದಿನಾ ಚೆಲ್ಲಿ.

ನಿರ್ಮಾಲ್ಯವನ್ನು ಗುಲಾಬಿ ಕುಂಡದ ಬುಡಕ್ಕೆ ಸುರಿಯುವ ಅಭ್ಯಾಸ ನಮ್ಮಲ್ಲಿ ಜಾಸ್ತಿ. ಅದರಲ್ಲಿ ಉಳಿದ ಥ್ರಿಪ್ಸ್ ಗಿಡಕ್ಕೆ ಹತ್ತುತ್ತದೆ. ಕವರಿನಲ್ಲಿ ಬಿಗಿಯಾಗಿ ಕಟ್ಟಿ, ಒಂದೆರಡು ದಿನ ಚೆನ್ನಾಗಿ ಬಿಸಿಲಿಗಿಟ್ಟು, ಆಮೇಲೆ ಗೊಬ್ಬರದ ಗುಂಡಿಗೆ ಹಾಕಿ.