ಐದೇ ನಿಮಿಷ ಅಂತ ನಾಯಿಯನ್ನು ಕಾರಿನಲ್ಲಿ ಬಿಡುವ ಮುನ್ನ

ಜನವರಿಯ ಒಂದು ಶನಿವಾರ. ಅಮೆರಿಕದ ಮಿನಿಯಾಪೊಲಿಸ್‌ನ ಹೊರವಲಯದ ಅಂಗಡಿಯೊಂದರ ಮುಂದೆ ಕಾರು ನಿಲ್ಲಿಸಿ, ಮೊಸರು, ಕೊತ್ತಂಬರಿ ಸೊಪ್ಪು ತರಲು ಇಳಿದೆ. ಹಿಂದಿನ ಸೀಟಿನಲ್ಲಿ ಕರಿಯ. ಹಾಸನದ ಬೀದಿಯಲ್ಲಿ ಹುಟ್ಟಿ, ಅಮ್ಮನ ಮನೆಯ ಗೇಟಿನ ಸಂದಿಯಲ್ಲಿ ನುಸುಳಿ ಬಂದು, ಕೊನೆಗೆ ನಮ್ಮ ಜೊತೆ ವಿಮಾನವನ್ನೂ ಹತ್ತಿದ ನಾಯಿ. 'ಐದೇ ನಿಮಿಷ ಕಣೋ' ಅಂತ ಹೇಳಿ ಬಾಗಿಲು ಹಾಕಿದೆ. ಬಿಲ್ಲಿನ ಸಾಲಿನಲ್ಲಿ ನನ್ನ ಮುಂದಿದ್ದವರ ಕಾರ್ಡ್ ನಡೆಯಲಿಲ್ಲ. ಅವರು ಇನ್ನೊಂದು ಕಾರ್ಡಿಗಾಗಿ ಚೀಲವನ್ನೆಲ್ಲ ಜಾಲಾಡಿದರು. ವಾಪಸ್ ಬಂದು ನೋಡಿದರೆ ಹಿಂದಿನ ಗಾಜಿಗೆ ಬಿಳಿ ಹುಡಿ ಅಂಟಿದೆ. ಹೊರಗಡೆಯಲ್ಲ, ಒಳಗಡೆ. ಅವನ ಉಸಿರೇ ಗಾಜಿಗೆ ತಾಗಿ ಹೆಪ್ಪುಗಟ್ಟಿತ್ತು. ಕರಿಯ ಮೂತಿಯನ್ನು ಬಾಲದ ಕೆಳಗೆ ತೂರಿಸಿ ಚಕ್ಕುಲಿಯಂತೆ ಸುತ್ತಿಕೊಂಡು ನಡುಗುತ್ತಿದ್ದ. ಮೊಬೈಲ್ ನೋಡಿಕೊಂಡೆ. ಹತ್ತೊಂಬತ್ತು ನಿಮಿಷ.

ತಪ್ಪು ನನ್ನದೇ. ಬೇಸಿಗೆಯಲ್ಲಿ ನಾಯಿಯನ್ನು ಕಾರಿನಲ್ಲಿ ಬಿಡಬಾರದು ಅನ್ನುವುದು ಈಗ ಎಲ್ಲರಿಗೂ ಗೊತ್ತು. ಚಳಿಗಾಲ ಬಂತೆಂದರೆ ಮಾತ್ರ 'ಹೊರಗಿಗಿಂತ ಒಳಗೇ ವಾಸಿ ಅಲ್ಲವಾ' ಅಂದುಕೊಳ್ಳುತ್ತೇವೆ. ಅಮೆರಿಕ, ಕೆನಡಾದ ಉತ್ತರ ಭಾಗದಲ್ಲಿ ನಾಯಿ ಸಾಕಿಕೊಂಡಿರುವ ನಮ್ಮವರು ಅನೇಕರು. ಊರಲ್ಲಿ ಕಲಿತ ಅಂದಾಜು ಇಲ್ಲಿಯ ಚಳಿಗೆ ನಡೆಯುವುದಿಲ್ಲ.

ಕಾರು ಫ್ಲಾಸ್ಕ್ ಅಲ್ಲ, ಸ್ಟೀಲ್ ಲೋಟ

ಬಿಸಿ ಕಾಫಿಯನ್ನು ಸ್ಟೀಲ್ ಲೋಟಕ್ಕೆ ಸುರಿದರೆ ಎಷ್ಟು ಹೊತ್ತು ಬಿಸಿ ಇರುತ್ತದೋ, ಕಾರಿನ ಕಥೆಯೂ ಅಷ್ಟೇ. ತಗಡು ಮತ್ತು ಗಾಜು ಎರಡೂ ಶಾಖವನ್ನು ಸಲೀಸಾಗಿ ಹೊರಗೆ ಬಿಟ್ಟುಕೊಡುತ್ತವೆ. ಹೀಟರ್ ಬಿಸಿ ಮಾಡಿದ್ದು ಬಹುಪಾಲು ಗಾಳಿಯನ್ನು. ಗಾಳಿಯಲ್ಲಿ ಶಾಖ ಹೆಚ್ಚು ಹೊತ್ತು ನಿಲ್ಲದು. ಎಂಜಿನ್ ಆರಿಸಿದ ಮೇಲೆ ಒಳಗಿನ ತಾಪಮಾನ ಹೊರಗಿನದರ ಕಡೆಗೆ ಬೀಳುತ್ತಲೇ ಹೋಗುತ್ತದೆ. ಗಾಳಿ ಬೀಸುವುದು ತಪ್ಪುತ್ತದೆ, ನಿಜ. ಕಾರಿನಿಂದ ಸಿಗುವ ಲಾಭ ಅದೊಂದೇ.

ಇನ್ನೊಂದು ಸಂಗತಿ ನನಗೂ ತಡವಾಗಿ ಹೊಳೆಯಿತು. ಸೊನ್ನೆ ಡಿಗ್ರಿಯಲ್ಲೂ ಕರಿಯ ಪಾರ್ಕಿನಲ್ಲಿ ಅರ್ಧ ಗಂಟೆ ಕುಣಿದಾಡುತ್ತಾನೆ, ಏನೂ ಆಗುವುದಿಲ್ಲ. ಅದೇ ಚಳಿಯಲ್ಲಿ ಕಾರಿನೊಳಗೆ ಕೂತರೆ ನಡುಗುತ್ತಾನೆ. ಓಡುವಾಗ ಸ್ನಾಯುಗಳೇ ಒಲೆಯ ಹಾಗೆ ಉರಿಯುತ್ತವೆ. ಕೂತಾಗ ಆ ಒಲೆ ಆರುತ್ತದೆ, ಮೇಲಾಗಿ ತಣ್ಣನೆಯ ಸೀಟು ಹೊಟ್ಟೆಯ ಶಾಖವನ್ನು ಹೀರುತ್ತದೆ. ಹಾಗಾಗಿ 'ವಾಕಿಂಗ್ ಹೋದಾಗ ಚೆನ್ನಾಗೇ ಇತ್ತಲ್ಲ' ಎಂಬ ಲೆಕ್ಕ ಇಲ್ಲಿ ಉಪಯೋಗಕ್ಕೆ ಬಾರದು.

ನಂಬಿಕೆ ಬರದಿದ್ದರೆ ಒಂದು ಸಂಜೆ ನಾಯಿಯಿಲ್ಲದೆ ಪರೀಕ್ಷೆ ಮಾಡಿ. ಫ್ರಿಜ್‌ನಲ್ಲಿಡುವ ಅಗ್ಗದ ಥರ್ಮಾಮೀಟರನ್ನು ಹಿಂದಿನ ಸೀಟಿನ ಮೇಲಿಟ್ಟು ಹತ್ತು, ಇಪ್ಪತ್ತು, ಮೂವತ್ತನೇ ನಿಮಿಷಕ್ಕೆ ಗಾಜಿನಿಂದ ಇಣುಕಿ ಬರೆದುಕೊಳ್ಳಿ. ನಿಮ್ಮ ಕಾರಿನ ಲೆಕ್ಕ ನಿಮಗೇ ಸಿಗುತ್ತದೆ.

ಮೊದಲು ನಿಮ್ಮ ನಾಯಿಯನ್ನು ಅಳೆಯಿರಿ

ಎಲ್ಲ ನಾಯಿಗೂ ಒಂದೇ ಚಳಿಯಲ್ಲ. ಹಸ್ಕಿ, ಮ್ಯಾಲಮ್ಯೂಟ್‌ಗಳಿಗೆ ಎರಡು ಪದರದ ಕೂದಲಿದೆ. ಒಳಗಿನ ಉಣ್ಣೆಯಂಥ ಪದರವೇ ಅವುಗಳ ಸ್ವೆಟರ್. ನಮ್ಮ ಬೀದಿ ತಳಿ, ಪಗ್, ಡ್ಯಾಶ್‌ಹೌಂಡ್, ಚಿಹುವಾಹುವಾಗಳಿಗೆ ಅಷ್ಟು ದಪ್ಪದ ಹೊದಿಕೆ ಇಲ್ಲ. ಬಾಗಲಕೋಟೆ ಸೀಮೆಯ ಮುಧೋಳ ನಾಯಿಯಂತೂ ಓಟಕ್ಕೆಂದೇ ರೂಪುಗೊಂಡದ್ದು. ಸಪೂರ ಮೈ, ಗಿಡ್ಡ ಕೂದಲು, ಚರ್ಮದಡಿ ಕೊಬ್ಬು ಅಂತ ಹೇಳಿಕೊಳ್ಳಲು ಏನೂ ಇಲ್ಲ. ಮರಿಗಳು, ಮುದಿ ನಾಯಿಗಳು, ಸಂಧಿವಾತ, ಥೈರಾಯ್ಡ್ ಅಥವಾ ಮಧುಮೇಹ ಇರುವವು ಯಾವ ತಳಿಯಾದರೂ ಬೇಗ ಸೋಲುತ್ತವೆ.

ಪಶುವೈದ್ಯರು ಸಾಮಾನ್ಯವಾಗಿ ಹೇಳುವ ಅಂದಾಜು ಇದು. 7 ಡಿಗ್ರಿ ಸೆಲ್ಸಿಯಸ್‌ವರೆಗೆ ಹೆಚ್ಚಿನ ನಾಯಿಗಳಿಗೆ ತೊಂದರೆಯಿಲ್ಲ. ಸೊನ್ನೆಗೆ ಇಳಿದರೆ ಸಣ್ಣ, ತೆಳು ಕೂದಲಿನ ನಾಯಿಗಳಿಗೆ ಅಪಾಯ. ಮೈನಸ್ 7ರ ಕೆಳಗೆ ಹೆಚ್ಚು ಹೊತ್ತು ಬಿಟ್ಟರೆ ಯಾವ ನಾಯಿಗೂ ಅಪಾಯವಾಗಬಹುದು. ಅಮೆರಿಕದ ಕಾರುಗಳು ಫ್ಯಾರನ್‌ಹೀಟ್ ತೋರಿಸುವುದರಿಂದ 45, 32, 20 ಎಂಬ ಮೂರು ಅಂಕಿ ನೆನಪಿಟ್ಟರೆ ಸಾಕು. ಮಿನಿಯಾಪೊಲಿಸ್‌ನಲ್ಲಿ 2019ರ ಜನವರಿ 30ರಂದು ಫ್ಯಾರನ್‌ಹೀಟ್ ಲೆಕ್ಕದಲ್ಲಿ ಮೈನಸ್ 28 ಆಗಿತ್ತು, ಅಂದರೆ ಸುಮಾರು ಮೈನಸ್ 33 ಸೆಲ್ಸಿಯಸ್. ಅಂಥ ದಿನ ಹಸ್ಕಿಯನ್ನೂ ಕಾರಿನಲ್ಲಿ ಕೂರಿಸುವ ಮಾತೇ ಇಲ್ಲ.

ದಾರಿ ಬದಲಿಸಿ, ನಾಯಿಯನ್ನಲ್ಲ

ನಿಜವಾದ ಪರಿಹಾರ ಮನೆಯಲ್ಲೇ ಇದೆ. ಪಾರ್ಕ್, ಪಶುವೈದ್ಯರು, ಅಂಗಡಿ ಎಲ್ಲವನ್ನೂ ಒಂದೇ ಸುತ್ತಿನಲ್ಲಿ ಮುಗಿಸುವ ಆಸೆಯೇ ನಮ್ಮನ್ನು ಕೆಡಿಸುವುದು. ಮೊದಲು ನಾಯಿಯ ಕೆಲಸ, ಆಮೇಲೆ ಅದನ್ನು ಮನೆಗೆ ಬಿಟ್ಟು ಅಂಗಡಿ. ಇಲ್ಲವೇ ಆನ್‌ಲೈನ್‌ನಲ್ಲಿ ಆರ್ಡರ್ ಮಾಡಿ. ಅಂಗಡಿಯವರೇ ಸಾಮಾನು ತಂದು ಡಿಕ್ಕಿಯಲ್ಲಿಡುತ್ತಾರೆ. ಔಷಧಿಗೆ ಡ್ರೈವ್ ಥ್ರೂ ಕಿಟಕಿ, ಅಂದರೆ ಕಾರಿನಿಂದ ಇಳಿಯದೇ ಕೊಳ್ಳುವ ಕಿಟಕಿ, ಇರುವ ಅಂಗಡಿ ನೋಡಿಕೊಳ್ಳಿ. ಇಬ್ಬರಿದ್ದರೆ ಒಬ್ಬರು ಕಾರಿನಲ್ಲಿ ಕೂರಿ. ದಿನಸಿ ಅಂಗಡಿಗಳು ಸಾಮಾನ್ಯವಾಗಿ ಸರ್ವಿಸ್ ಡಾಗ್‌ಗಳನ್ನು, ಅಂದರೆ ಅಂಗವಿಕಲರ ನೆರವಿಗೆ ತರಬೇತಾದ ನಾಯಿಗಳನ್ನು, ಮಾತ್ರ ಒಳಗೆ ಬಿಡುತ್ತವೆ. ಅದಕ್ಕಾಗಿ ಸಾಕುನಾಯಿಗೆ ಸರ್ವಿಸ್ ಡಾಗಿನ ನಕಲಿ ಅಂಗಿ ತೊಡಿಸುವವರಿದ್ದಾರೆ, ದಯವಿಟ್ಟು ಬೇಡ.

ಬಿಡಲೇಬೇಕಾಗಿ ಬಂದರೆ

ಟೈರ್ ಪಂಕ್ಚರ್ ಆಗುತ್ತದೆ, ಮಗುವಿಗೆ ತುರ್ತಾಗಿ ಬಾತ್‌ರೂಮಿಗೆ ಹೋಗಬೇಕಾಗುತ್ತದೆ. ಅಂಥ ಹೊತ್ತಿಗೆ ಚಳಿಗಾಲ ಪೂರ್ತಿ ಕಾರಿನಲ್ಲೇ ಇರಬೇಕಾದ ಸಾಮಾನು ಕೆಲವಿವೆ.

ಎಲ್ಲಕ್ಕಿಂತ ಮೊದಲು ಕೆಳಗೆ ಹಾಸಲು ದಪ್ಪ ಫೋಮ್ ತುಂಡು. ಜನ ಮೇಲೆ ಹೊದಿಸುತ್ತಾರೆ, ಕೆಳಗೆ ಮರೆಯುತ್ತಾರೆ. ಫೋಮ್ ಮೇಲೆ ಉಣ್ಣೆಯ ಹೊದಿಕೆ. ನಮ್ಮ ಕಾರಿನಲ್ಲಿರುವುದು ಅಮ್ಮ ಚಳ್ಳಕೆರೆಯಿಂದ ತರಿಸಿಕೊಟ್ಟ ಕರಿ ಕಂಬಳಿ. ಚುಚ್ಚುತ್ತದೆ ಅಂತ ಮಕ್ಕಳು ಮುಟ್ಟುವುದಿಲ್ಲ, ಕರಿಯನಿಗೆ ಅದೇ ಪ್ರಾಣ. ಉಣ್ಣೆ ಸ್ವಲ್ಪ ತೇವವಾದರೂ ಬೆಚ್ಚಗೇ ಇಡುತ್ತದೆ, ಹತ್ತಿಯ ರಗ್ಗು ಹಾಗಲ್ಲ. ನಾಯಿಗೆ ಕ್ರೇಟ್ (ನಾಯಿ ಮಲಗುವ ಪಂಜರ) ಅಭ್ಯಾಸವಿದ್ದರೆ ಅದರ ಮೂರು ಬದಿಗೆ ಕಂಬಳಿ ಇಳಿಬಿಟ್ಟು, ಒಂದು ಬದಿಯನ್ನು ಗಾಳಿಗೆ ತೆರೆದಿಡಿ. ಚಿಕ್ಕ ಜಾಗವಾದ್ದರಿಂದ ಅದರ ಮೈಶಾಖವೇ ಅದಕ್ಕೆ ಸಿಗುತ್ತದೆ.

ಒಣ ಟವೆಲ್ ಒಂದು. ಹೊಟ್ಟೆಯ ಕೆಳಗೆ, ಬೆರಳ ಸಂದಿಯಲ್ಲಿ ಹಿಮದ ಉಂಡೆ ಕಟ್ಟಿರುತ್ತದೆ. ಅದನ್ನು ಒರೆಸದೆ ಬಿಟ್ಟರೆ ಕರಗಿ ಮೈ ಒದ್ದೆಯಾಗುತ್ತದೆ, ಒದ್ದೆ ನಾಯಿ ಬಹಳ ಬೇಗ ತಣಿಯುತ್ತದೆ. ರಸ್ತೆಗೆ ಸುರಿದ ಉಪ್ಪೂ ಪಾದಕ್ಕೆ ಅಂಟಿರುತ್ತದೆ, ನೆಕ್ಕಿದರೆ ಹೊಟ್ಟೆ ಕೆಡುತ್ತದೆ.

ಹಗ್ಗ ಬಿಚ್ಚಿಡಿ, ಗೇರಿಗೆ ಸಿಕ್ಕಿ ಕುತ್ತಿಗೆ ಬಿಗಿದೀತು. ಬಾಗಿಲು ಹಾಕಿದ ಕ್ಷಣವೇ ಮೊಬೈಲಿನಲ್ಲಿ ಐದು ನಿಮಿಷದ ಅಲಾರಂ ಇಡಿ. ಅದು ಬಡಿದುಕೊಂಡಾಗ ಸಾಲಿನಲ್ಲಿ ಎಲ್ಲೇ ಇರಿ, ಟ್ರಾಲಿ ಬಿಟ್ಟು ಹೊರಡಿ. ಮೊಸರು ನಾಳೆಯೂ ಸಿಗುತ್ತದೆ.

'ಎಂಜಿನ್ ಓಡಿಸಿಟ್ಟರೆ ಆಯಿತಲ್ಲ?'

ಇದನ್ನು ಕೇಳದವರಿಲ್ಲ. ಉತ್ತರ, ಬೇಡ. ಹೊಗೆ ಕೊಳವೆಯ ಬಾಯಿಗೆ ಹಿಮ ಕಟ್ಟಿಕೊಂಡರೆ ಕಾರ್ಬನ್ ಮೊನಾಕ್ಸೈಡ್ ಕಾರಿನೊಳಗೇ ನುಗ್ಗಬಹುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ನಾಯಿ ನಿದ್ದೆ ಮಾಡುತ್ತಿದೆ ಅಂತ ನಿಮಗೆ ಅನ್ನಿಸುತ್ತಿರುತ್ತದೆ. ಗ್ಯಾರೇಜಿನಲ್ಲಂತೂ ಶಟರ್ ತೆರೆದಿದ್ದರೂ ಎಂಜಿನ್ ಓಡಿಸಿಡಬೇಡಿ. ಕೀಲಿ ಇಲ್ಲದೆ ಸ್ಟಾರ್ಟ್ ಆಗುವ ಹಲವು ಕಾರುಗಳು ಸ್ವಲ್ಪ ಹೊತ್ತಿನ ನಂತರ ತಾವೇ ಆರಿಹೋಗುತ್ತವೆ. ಪಂಜ ತಾಗಿ ಕಿಟಕಿ ಇಳಿಯುವುದು, ಬಾಗಿಲು ಲಾಕ್ ಆಗುವುದು ಬೇರೆ. ಓಡುತ್ತಿರುವ ಕಾರು ಕಳ್ಳನಿಗೂ ಅಚ್ಚುಮೆಚ್ಚು.

ಎಲೆಕ್ಟ್ರಿಕ್ ಕಾರಿನ ವಿಷಯ ಬೇರೆ. ಹೊಗೆಯ ಭಯವಿಲ್ಲ. ಟೆಸ್ಲಾ 2019ರ ಫೆಬ್ರುವರಿಯಲ್ಲಿ 'ಡಾಗ್ ಮೋಡ್' ತಂದಿತು. ಕಾರು ಲಾಕ್ ಆಗಿದ್ದರೂ ಒಳಗಿನ ತಾಪಮಾನ ಕಾಯ್ದುಕೊಳ್ಳುತ್ತದೆ, ದಾರಿಹೋಕರಿಗೆ ಕಾಣುವಂತೆ 'ಮಾಲೀಕರು ಈಗ ಬರುತ್ತಾರೆ' ಎಂಬ ಸಂದೇಶವನ್ನೂ ಒಳಗಿನ ಉಷ್ಣಾಂಶವನ್ನೂ ಪರದೆಯ ಮೇಲೆ ತೋರಿಸುತ್ತದೆ. ಒಳ್ಳೆಯ ಉಪಾಯವೇ. ಆದರೂ ಚಳಿಯಲ್ಲಿ ಬ್ಯಾಟರಿ ಬೇಗ ಇಳಿಯುತ್ತದೆ, ಸಾಫ್ಟ್‌ವೇರ್ ಕೈಕೊಡುವುದೂ ಉಂಟು. ಆ ಧೈರ್ಯದ ಮೇಲೆ ಸಿನಿಮಾಕ್ಕೆ ಹೋಗಿ ಕೂರಬೇಡಿ.

ಕಾರಿನ ಇನ್ನೊಂದು ವಿಷವೂ ಚಳಿಗಾಲದ್ದೇ. ರೇಡಿಯೇಟರಿಗೆ ಹಾಕುವ ಆ್ಯಂಟಿಫ್ರೀಜ್‌ನಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ. ಸೋರಿ ಬಿದ್ದದ್ದನ್ನು ನಾಯಿ ನೆಕ್ಕಿದರೆ ಮೂತ್ರಪಿಂಡವೇ ಹೋಗುತ್ತದೆ. ಡಬ್ಬಿಯನ್ನು ನಾಯಿ ಇರುವ ಕಡೆ ಇಡಬೇಡಿ. ನೆಕ್ಕಿದ್ದು ಕಂಡರೆ ಲಕ್ಷಣಕ್ಕೆ ಕಾಯದೆ ಆಸ್ಪತ್ರೆಗೆ ಓಡಿ.

ನಡುಕ ನಿಂತರೆ ನೆಮ್ಮದಿಯಲ್ಲ

ನಾಯಿಯ ಸಹಜ ಮೈಬಿಸಿ 38.3ರಿಂದ 39.2 ಡಿಗ್ರಿ ಸೆಲ್ಸಿಯಸ್, ನಮಗಿಂತ ಹೆಚ್ಚು. ಚಳಿ ಹತ್ತಿದಾಗ ಮೊದಲು ನಡುಗುತ್ತದೆ, ಕುಂಯ್‌ಗುಡುತ್ತದೆ, ಒಂದೊಂದೇ ಪಾದ ಎತ್ತುತ್ತದೆ. 37ಕ್ಕಿಂತ ಇಳಿದರೆ ಹೈಪೋಥರ್ಮಿಯಾ, ಅಂದರೆ ಮೈಬಿಸಿ ಅಪಾಯಕರವಾಗಿ ಕುಸಿಯುವುದು, ಶುರು. ಇನ್ನೂ ಇಳಿಯುತ್ತ 32ರ ಆಸುಪಾಸಿಗೆ ಬಂದಾಗ ನಡುಗುವ ಶಕ್ತಿಯೇ ಹೋಗುತ್ತದೆ. ಆಗ ನಾಯಿ ಶಾಂತವಾಗಿ ಕಾಣುತ್ತದೆ. ವಸಡು ಬಿಳಚಿಕೊಂಡಿರುತ್ತದೆ, ಕಾಲು ಸೆಟೆದಿರುತ್ತದೆ, ಹೆಸರು ಕರೆದರೆ ಕಿವಿ ಅಲ್ಲಾಡುವುದಿಲ್ಲ. ಅದು ತುರ್ತುಸ್ಥಿತಿ.

ದಾರಿಯಲ್ಲೇ ಮಾಡಬೇಕಾದದ್ದು: ಒದ್ದೆ ಇದ್ದರೆ ಒರೆಸಿ, ಕಂಬಳಿ ಸುತ್ತಿ. ಬಿಸಿನೀರಿನ ಬಾಟಲಿ ಸಿಕ್ಕರೆ ಟವೆಲಿನಲ್ಲಿ ಸುತ್ತಿ ಎದೆ, ಹೊಟ್ಟೆಯ ಬಳಿ ಇಡಿ. ಕಾಲುಗಳನ್ನು ಮೊದಲು ಕಾಯಿಸಬೇಡಿ, ಅಲ್ಲಿಯ ತಣ್ಣನೆಯ ರಕ್ತ ಒಮ್ಮೆಲೇ ಎದೆಯತ್ತ ನುಗ್ಗಿದರೆ ಮೈಬಿಸಿ ಮತ್ತಷ್ಟು ಕುಸಿಯುತ್ತದೆ. ಹೇರ್ ಡ್ರೈಯರ್ ಬೇಡ, ಚರ್ಮ ಸುಡುತ್ತದೆ. ಕಿವಿತುದಿ, ಬಾಲದ ತುದಿ, ಪಾದ ಬೂದಿ ಬಣ್ಣಕ್ಕೆ ತಿರುಗಿ ಗಟ್ಟಿಯಾಗಿದ್ದರೆ ಅದು ಫ್ರಾಸ್ಟ್‌ಬೈಟ್, ಚಳಿಗೆ ಚರ್ಮ ಹೆಪ್ಪುಗಟ್ಟಿರುವುದು. ಪ್ರೀತಿಯಿಂದ ತಿಕ್ಕಬೇಕು ಅನ್ನಿಸುತ್ತದೆ, ತಿಕ್ಕಲೇಬಾರದು. ಒಳಗಿನ ಅಂಗಾಂಶ ಹರಿಯುತ್ತದೆ. ಸುತ್ತಿಕೊಂಡು ನೇರ ಪಶುವೈದ್ಯರಲ್ಲಿಗೆ.

ಬೇರೆಯವರ ಕಾರಿನಲ್ಲಿ ಕಂಡರೆ

ಗಾಜು ಒಡೆಯುವ ಆವೇಶ ಬೇಡ. ಕಾರಿನ ನಂಬರ್, ಬಣ್ಣ, ಸಮಯ ಬರೆದುಕೊಳ್ಳಿ. ಅಂಗಡಿಯೊಳಗೆ ಹೋಗಿ ಮೈಕಿನಲ್ಲಿ ಕೂಗಿಸಿ, ಹೆಚ್ಚಿನ ಸಲ ಕೆಲಸ ಅಲ್ಲಿಗೇ ಮುಗಿಯುತ್ತದೆ. ಮಾಲೀಕರು ಬಾರದಿದ್ದರೆ, ನಾಯಿ ಸೋತಂತೆ ಕಂಡರೆ ತುರ್ತು ಸಹಾಯದ 911ಕ್ಕೆ ಕರೆ ಮಾಡಿ. ಮಿನಿಯಾಪೊಲಿಸ್ ಇರುವ ಮಿನ್ನೆಸೋಟ ರಾಜ್ಯದ ಕಾನೂನಿನ 346.57ನೇ ಕಲಮಿನ ಪ್ರಕಾರ ಆರೋಗ್ಯಕ್ಕೆ ಅಥವಾ ಸುರಕ್ಷತೆಗೆ ಅಪಾಯವಾಗುವಂತೆ ನಾಯಿ, ಬೆಕ್ಕನ್ನು ಕಾರಿನಲ್ಲಿ ಬಿಡುವುದು ತಪ್ಪು. ಅದರಲ್ಲಿ ಬಿಸಿಲು, ಚಳಿ ಎಂಬ ಭೇದವಿಲ್ಲ. ಪೊಲೀಸರು, ಪ್ರಾಣಿದಯಾ ಅಧಿಕಾರಿಗಳು, ಅಗ್ನಿಶಾಮಕ ಮತ್ತು ರಕ್ಷಣಾ ದಳದವರು ಕಾರು ತೆರೆಯಬಹುದು. ದಂಡ 25 ಡಾಲರ್! ಮ್ಯಾಸಚೂಸೆಟ್ಸ್ 2016ರಲ್ಲಿ ಮಾಡಿದ ಕಾನೂನು ಇನ್ನೂ ಮುಂದಿದೆ. ಅತಿ ಚಳಿಯನ್ನೂ ಹೆಸರಿಸಿ, ಕೆಲವು ಷರತ್ತುಗಳೊಂದಿಗೆ ಸಾಮಾನ್ಯರಿಗೂ ಬಿಡಿಸುವ ಅವಕಾಶ ಕೊಟ್ಟಿದೆ. 25 ಡಾಲರ್ ಕಡಿಮೆಯಾಯಿತು ಅಂತ ಗೊಣಗುವ ಮುನ್ನ ನಮ್ಮ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯನ್ನು ನೆನೆದೆ. ಮೊದಲ ಸಲದ ತಪ್ಪಿಗೆ ದಂಡ 10ರಿಂದ 50 ರೂಪಾಯಿ.

ಬೆಂಗಳೂರಿನ ಚಳಿಗಾಲಕ್ಕೆ

ಅಲ್ಲಿಯವರು ಇದನ್ನೆಲ್ಲ ಓದಿ ನಿರಾಳವಾಗಬೇಕಿಲ್ಲ. ಜನವರಿಯ ಬೆಂಗಳೂರಿನಲ್ಲಿ ಮಧ್ಯಾಹ್ನ 27 ಡಿಗ್ರಿ ಇರುತ್ತದೆ. 2005ರಲ್ಲಿ ಸ್ಟ್ಯಾನ್‌ಫರ್ಡ್‌ನ ವೈದ್ಯರು ಬಿಸಿಲಿನಲ್ಲಿ ನಿಂತ ಕಾರನ್ನು ಅಳೆದಾಗ, ಹೊರಗೆ 22 ಡಿಗ್ರಿ ಇದ್ದ ತಂಪು ದಿನದಲ್ಲೂ ಒಳಗೆ ಒಂದು ಗಂಟೆಯಲ್ಲಿ ಸುಮಾರು 22 ಡಿಗ್ರಿ ಏರಿತ್ತು. ಆ ಏರಿಕೆಯ ಶೇ 80ರಷ್ಟು ಮೊದಲ ಅರ್ಧ ಗಂಟೆಯಲ್ಲೇ ಆಗಿತ್ತು. ಕಿಟಕಿಯನ್ನು ಸ್ವಲ್ಪ ಇಳಿಸಿದ್ದರಿಂದ ಹೇಳಿಕೊಳ್ಳುವಂಥ ಪ್ರಯೋಜನವಾಗಿರಲಿಲ್ಲ. ಬೆಳಗಿನ ಚಳಿಗೆ ನಾಯಿಗೆ ಸ್ವೆಟರ್ ತೊಡಿಸಿ, ಹನ್ನೊಂದು ಗಂಟೆಗೆ ಅದೇ ಸ್ವೆಟರಿನಲ್ಲಿ ಕಾರಿನೊಳಗೆ ಬಿಟ್ಟುಹೋಗುವವರನ್ನು ನಾನೇ ಕಂಡಿದ್ದೇನೆ.

ಡಿಸೆಂಬರಿನಲ್ಲಿ ಮಡಿಕೇರಿ, ಚಿಕ್ಕಮಗಳೂರಿಗೆ ಹೋಗುವಾಗ ದಾರಿಯ ಹೋಟೆಲಿನಲ್ಲಿ ಎರಡು ಸರದಿ ಮಾಡಿ. ಮೊದಲು ತಿಂದವರು ಹೊರಬಂದು ಮರದ ನೆರಳಿನಲ್ಲಿ ನಾಯಿ ಹಿಡಿದುಕೊಳ್ಳಲಿ, ಆಮೇಲೆ ಉಳಿದವರು ಒಳಗೆ ಹೋಗಲಿ. ಎರಡನೇ ಸರದಿಯವರ ದೋಸೆಯನ್ನು ಅವರು ಒಳಗೆ ಹೋದ ಮೇಲೆಯೇ ಹೇಳಿ, ಮೊದಲೇ ತರಿಸಿಟ್ಟರೆ ಆರಿಹೋಗುತ್ತದೆ.