ತಾರೀಖು ಬಿಟ್ಟು ಸಂಖ್ಯೆ ಹಿಡಿದೆ: ಹಳೆಯ ಸೋವಿಯತ್ ವಿಮಾನ ಅಪಘಾತಗಳ ಪಟ್ಟಿ, ನನ್ನ ಅನುಭವ

1923ರಿಂದ 1942ರವರೆಗಿನ ಸೋವಿಯತ್ ಪ್ರಯಾಣಿಕ ಮತ್ತು ಅಂಚೆ ವಿಮಾನಗಳ ಅಪಘಾತಗಳನ್ನು ಪಟ್ಟಿಗೆ ತರುವುದು ಆಗದ ಮಾತು ಎಂದವರೇ ಹೆಚ್ಚು. ದೊಡ್ಡವರು ಸತ್ತರೆ ಮಾತ್ರ ಪತ್ರಿಕೆಯಲ್ಲಿ ಸುದ್ದಿ, ಉಳಿದದ್ದೆಲ್ಲ ಕಡತದೊಳಗೆ, ಆ ಕಡತಕ್ಕೆ ನಮ್ಮಂಥವರ ಕೈ ಎಟುಕದು ಎಂಬುದು ಅವರ ವಾದ. ತಾರೀಖಿನಿಂದ ಹುಡುಕುವವರ ಮಟ್ಟಿಗೆ ಅದು ನಿಜವೇ. ಆದರೆ ವಿಮಾನದ ಮೈಮೇಲಿನ ಸಂಖ್ಯೆಯಿಂದ ಹೊರಟರೆ ಪಟ್ಟಿ ಬೆಳೆಯುತ್ತದೆ. ನನ್ನದು ನೂರರ ಹತ್ತಿರ ಬಂದಿದೆ. ಮುಕ್ಕಾಲು ಪಾಲಿಗೆ ಒಂದಕ್ಕೊಂದು ಸಂಬಂಧವಿಲ್ಲದ ಎರಡು ಆಧಾರಗಳಿವೆ. ಆಗದು ಎಂದವರಲ್ಲಿ ಇಬ್ಬರು ಈಗ ಇದೇ ಕೋಷ್ಟಕದ ಪ್ರತಿ ಕೇಳುತ್ತಿದ್ದಾರೆ.

ಒಂದು ವಿಮಾನಕ್ಕೆ ಒಂದು ಸಾಲು. ಮಾದರಿ, ಎಂಜಿನ್, ನೋಂದಣಿ ಸಂಖ್ಯೆ, ಮೊದಲು ಕಂಡದ್ದು, ಕೊನೆಗೆ ಕಂಡದ್ದು, ಇಷ್ಟೇ ಕಾಲಂಗಳಿಂದ ಶುರು. ಅಪಘಾತ ಎಂಬ ಕಾಲಂ ಮೊದಲಿಗೆ ಖಾಲಿ ಇರಬೇಕು. ಫೋಟೊ, ವೇಳಾಪಟ್ಟಿ, ಅಂಚೆ ಲಕೋಟೆ, ಪತ್ರಿಕೆಯ ಸಣ್ಣ ಸುದ್ದಿ, ಎಲ್ಲೆಲ್ಲಿ ಆ ಸಂಖ್ಯೆ ಕಂಡಿತೋ ಅದೆಲ್ಲ ಸಾಲಿಗೆ ಸೇರಲಿ. ಕೊನೆಗೆ ಕಂಡ ತಿಂಗಳಿಂದ ಮುಂದಿನ ಮೂರು ತಿಂಗಳಲ್ಲಿ ಆ ಮಾರ್ಗದ ಚಾಲಕನೊಬ್ಬನ ನಿಧನವಾರ್ತೆಯೋ ಗೋರಿಯೋ ಸಿಕ್ಕರೆ ಸಾಲಿಗೆ ಹಳದಿ ಬಣ್ಣ. ಮೂರನೆಯದೊಂದು ದಾಖಲೆ ಅದನ್ನೇ ಹೇಳಿದರೆ ಮಾತ್ರ ಕೆಂಪು, ಅಂದರೆ ಅಪಘಾತ ಖಚಿತ. ಅವಸರ ಮಾಡಿದರೆ ಪಟ್ಟಿ ಕೆಡುತ್ತದೆ. ಬಟ್ಟೆ ಹೊದಿಸಿದ ವಿಮಾನಗಳು ಮಳೆ ಹಿಮಕ್ಕೆ ಬೇಗ ಸವೆದು ಗುಜರಿಗೆ ಹೋಗುತ್ತಿದ್ದವು, ಕೆಲವು ತರಬೇತಿ ಶಾಲೆಗೆ ಹೋಗಿ ಅಕ್ಷರ ಬದಲಿಸಿಕೊಳ್ಳುತ್ತಿದ್ದವು. ಕಾಣೆಯಾದದ್ದೆಲ್ಲ ಬಿದ್ದದ್ದಲ್ಲ.

ಅಕ್ಷರಗಳ ಲೆಕ್ಕ ಗೊತ್ತಿರಲಿ. 1930ರ ದಶಕದಲ್ಲಿ ದೇಶದ ಹೆಸರಾದ ಮೇಲೆ ಬರುವ ಅಕ್ಷರವೇ ಮಾಲೀಕನನ್ನು ಹೇಳುತ್ತದೆ. ‘ಎಲ್’ ಇದ್ದರೆ ಏರೋಫ್ಲೋಟ್, ‘ಎನ್’ ಇದ್ದರೆ ಉತ್ತರ ಸಮುದ್ರ ಮಾರ್ಗದ ಧ್ರುವ ವಿಮಾನದಳ, ‘ಖ’ ಇದ್ದರೆ ಕೃಷಿ, ‘ಕೆ’ ಇದ್ದರೆ ರೋಗಿಗಳ ಸಾಗಣೆ, ‘ಎಸ್’ ಇದ್ದರೆ ಒಸೊಆವಿಯಾಖಿಮ್ ಎಂಬ ನಾಗರಿಕರ ರಕ್ಷಣಾ ಸಂಘ. ಹೊರದೇಶಕ್ಕೆ ಹಾರುವವಕ್ಕೆ ಲ್ಯಾಟಿನ್ ಲಿಪಿಯಲ್ಲಿ ಯು-ಆರ್-ಎಸ್-ಎಸ್ ಎಂದು ಬರೆಯುತ್ತಿದ್ದರು. ಹಾಗಾಗಿ ಒಂದೇ ವಿಮಾನ ಎರಡು ಲಿಪಿಯಲ್ಲಿ ಎರಡು ವಿಮಾನದಂತೆ ಕಾಣಬಹುದು.

ಹೆಚ್ಚು ಸಮಯ ತಿಂದದ್ದು ಸ್ಕ್ಯಾನ್ ಮಾಡಿದ ಪತ್ರಿಕೆಗಳಲ್ಲಿ ಹುಡುಕುವ ಕೆಲಸ. ತಂತ್ರಾಂಶ ಸಿರಿಲಿಕ್ (ರಷ್ಯನ್ ಲಿಪಿಯ) ‘ಎನ್’ ಅನ್ನು ಲ್ಯಾಟಿನ್ ‘ಎಚ್’ ಎಂದು ಓದುತ್ತದೆ. ಎರಡರ ಆಕಾರ ಒಂದೇ, ಗಣಕದ ಸಂಕೇತ ಬೇರೆ. ಸಿರಿಲಿಕ್ ‘ಎಲ್’ ಅಂತೂ ‘ಜೆ’ ಮತ್ತು ‘ಐ’ ಎಂದು ಎರಡು ತುಂಡಾಗುತ್ತದೆ. ಅದಕ್ಕೇ ಪ್ರತಿ ಸಂಖ್ಯೆಯನ್ನೂ ಕನಿಷ್ಠ ನಾಲ್ಕು ರೂಪದಲ್ಲಿ ಹುಡುಕಬೇಕು. ಇನ್ನೊಂದು ಕಾಟ: ಕ್ರಾಂತಿಯ ನಂತರ ಮುದ್ರಣಾಲಯಗಳಿಂದ ಗಟ್ಟಿ ಚಿಹ್ನೆ ಎಂಬ, ತನ್ನದೇ ಉಚ್ಚಾರವಿಲ್ಲದ ರಷ್ಯನ್ ಅಕ್ಷರದ ಅಚ್ಚುಗಳನ್ನು ತೆಗೆದುಹಾಕಿದ್ದರಿಂದ 1920ರ ದಶಕದ ಪತ್ರಿಕೆಗಳು ಅದರ ಜಾಗದಲ್ಲಿ ಅಪಾಸ್ಟ್ರಫಿ (’) ಹಾಕುತ್ತಿದ್ದವು. ‘ಬೆಂಕಿ ಆವರಿಸಿದ’ ಎನ್ನುವ ರಷ್ಯನ್ ಪದದಲ್ಲೇ ಆ ಚಿಹ್ನೆ ಇದೆ. ಇಂದಿನ ಕಾಗುಣಿತದಲ್ಲಿ ಹುಡುಕಿದರೆ ಉರಿದುಬಿದ್ದ ವಿಮಾನಗಳೇ ಬಲೆಗೆ ಬೀಳುವುದಿಲ್ಲ. ನಿಧನವಾರ್ತೆಗಳನ್ನು ಮಾತ್ರ ಜರಡಿ ಹಿಡಿಯುವ ಎರಡು ಪದಗಳ ಜೋಡಿಯೊಂದಿದೆ. ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ತೀವ್ರತೆಯ ಕಾಲಂಗೆ ಸೋವಿಯತ್ ವಿಂಗಡಣೆಯನ್ನೇ ಇಟ್ಟುಕೊಂಡೆ. ಜೀವ ಹೋದರೆ ಕಟಸ್ತ್ರೋಫಾ, ಜೀವ ಉಳಿದು ವಿಮಾನ ಹೋದರೆ ಅವಾರಿಯಾ, ರಿಪೇರಿಯಾದರೆ ಪಲೋಮ್ಕಾ. ಇಂಗ್ಲಿಷ್ ಪಟ್ಟಿಗಳು ಮೂರನ್ನೂ ಒಂದೇ ಬುಟ್ಟಿಗೆ ಹಾಕುತ್ತವೆ. ಅವುಗಳಿಂದ ನಕಲು ಮಾಡಿದರೆ ರಿಪೇರಿಯಾಗಿ ಮತ್ತೆ ಹಾರಿದ ವಿಮಾನವೂ ಸತ್ತವರ ಲೆಕ್ಕದಲ್ಲಿ ಕೂರುತ್ತದೆ.

ಊರ ಹೆಸರುಗಳಿಗೆ ಬೇರೆಯೇ ಹಾಳೆ ಬೇಕು. ನೀಝ್ನಿ ನವ್ಗೊರದ್ 1932ರಲ್ಲಿ ಗೋರ್ಕಿ ಆಯಿತು, ಸಮಾರ 1935ರಲ್ಲಿ ಕುಯ್ಬಿಶೆವ್, ಟಿಫ್ಲಿಸ್ 1936ರಲ್ಲಿ ತ್ಬಿಲಿಸಿ, ಪಿಶ್ಪೆಕ್ 1926ರಲ್ಲಿ ಫ್ರುಂಝೆ. ಹೆಚ್ಚು ಜನ ಎಡವುವುದು ಲಪಾಸ್ನ್ಯಾದಲ್ಲಿ. 1933ರ ಸೆಪ್ಟೆಂಬರ್ 5ರಂದು ಎಎನ್‌ಟಿ-7 ವಿಮಾನ ಮಂಜಿನಲ್ಲಿ ತಗ್ಗಿ ಹಾರುತ್ತಾ ಬಿದ್ದದ್ದು ಅದರ ಹತ್ತಿರ. ವಿಮಾನ ಕೈಗಾರಿಕೆಯ ಮುಖ್ಯಸ್ಥ ಪ್ಯೋತರ್ ಬರಾನೊವ್, ನಾಗರಿಕ ವಿಮಾನದಳದ ಮುಖ್ಯಸ್ಥ ಅಬ್ರಾಂ ಗೋಲ್ಟ್ಸ್‌ಮನ್ ಇಬ್ಬರೂ ಹೋದರು. ನಕ್ಷೆಯಲ್ಲಿ ಲಪಾಸ್ನ್ಯಾ ಹುಡುಕಿದರೆ ನದಿ ಸಿಗುತ್ತದೆ, ಊರು ಸಿಗುವುದಿಲ್ಲ. ಊರು 1954ರಿಂದ ಚೆಕೊವ್. ಈ ಸಾಲಿಗೆ ಎರಡನೇ ಆಧಾರ ಹುಡುಕುವ ಕಷ್ಟವೇ ಇಲ್ಲ, ಇಬ್ಬರ ಚಿತಾಭಸ್ಮವೂ ಕ್ರೆಮ್ಲಿನ್ ಗೋಡೆಯಲ್ಲಿದೆ. ಕಡತ ಮುಚ್ಚಿಡಬಹುದು, ಗೋಡೆಯ ಮೇಲಿನ ಕಲ್ಲನ್ನು ಮುಚ್ಚಿಡಲಾಗದು.

ವಾರದ ದಿನಗಳನ್ನೂ ನಂಬಬೇಡಿ. 1931ರ ಕೊನೆಯಿಂದ 1940ರ ಜೂನ್‌ವರೆಗೆ ಅಲ್ಲಿ ಆರು ದಿನದ ವಾರ. ತಿಂಗಳ 6, 12, 18, 24, 30 ರಜೆ. 1935ರ ಮೇ 18 ನಮ್ಮ ಪಂಚಾಂಗದಲ್ಲಿ ಶನಿವಾರ, ಅವರಿಗೆ ರಜಾದಿನ. ಮಾಸ್ಕೋದಲ್ಲಿ ಎಂಟು ಎಂಜಿನಿನ ‘ಮಕ್ಸಿಂ ಗೋರ್ಕಿ’ ವಿಮಾನ ಬಿದ್ದದ್ದು ಅಂದೇ. ಅದನ್ನು ಕಟ್ಟಿದ ಸಂಸ್ಥೆಯ ಕೆಲಸಗಾರರು ಮನೆಮಂದಿ ಸಮೇತ ಹಾರಾಟಕ್ಕೆ ಬಂದಿದ್ದು ಏಕೆಂದು ಈ ಕ್ಯಾಲೆಂಡರ್ ನೋಡಿದ ಮೇಲೆ ಕೇಳಬೇಕಾಗಿಲ್ಲ. ಪಕ್ಕದಲ್ಲಿ ಹಾರುತ್ತಿದ್ದ ಐ-5 ಯುದ್ಧವಿಮಾನದ ಚಾಲಕ ನಿಕೊಲಾಯ್ ಬ್ಲಾಗಿನ್ ಲಾಗ ಹಾಕಲು ಹೋಗಿ 63 ಮೀಟರ್ ಅಗಲದ ರೆಕ್ಕೆಗೆ ಬಡಿದ. ಸತ್ತವರ ಸಂಖ್ಯೆ ಪಟ್ಟಿಯಿಂದ ಪಟ್ಟಿಗೆ 45ರಿಂದ 49ರವರೆಗೆ ಓಡಾಡುತ್ತದೆ. ಬ್ಲಾಗಿನ್‌ನನ್ನು ಸೇರಿಸಿದ್ದಾರೋ ಇಲ್ಲವೋ, ಸಿಬ್ಬಂದಿಯನ್ನು ಹೇಗೆ ಎಣಿಸಿದ್ದಾರೋ ಅದರ ಮೇಲಿದೆ. ಇಂಥಲ್ಲಿ ಸರಾಸರಿ ತೆಗೆಯುವುದು ಮೂರ್ಖತನ. ವಿಮಾನದಲ್ಲಿದ್ದವರು, ಇನ್ನೊಂದು ವಿಮಾನದವರು, ನೆಲದ ಮೇಲಿದ್ದವರು ಎಂದು ಮೂರು ಕಾಲಂ ಮಾಡಿ ಸಿಕ್ಕಷ್ಟು ತುಂಬಿ. ಬ್ಲಾಗಿನ್ ಹೆಸರಿನಲ್ಲಿ ಆಮೇಲೆ ಪೋಲೆಂಡ್‌ನಲ್ಲಿ ಅಚ್ಚಾದ ‘ಕೊನೆಯ ಪತ್ರ’ ಖೊಟ್ಟಿ, ಅದಕ್ಕೆ ಕಾಲಂ ಬೇಡ.

ಎಂಜಿನ್ ಕಾಲಂ ಫೋಟೊಗಳಿಗೆ ವಯಸ್ಸು ಹೇಳುತ್ತದೆ. ವಿನ್ಯಾಸಕ ಕಲಿನಿನ್ ಅವರ ಕೆ-5 ಪ್ರಯಾಣಿಕ ವಿಮಾನ ಶುರುವಾದದ್ದು ಎಂ-15 ಎಂಜಿನ್ ಜೊತೆ. ಅದು ಕೈಕೊಡುತ್ತಿದ್ದರಿಂದ ಎಂ-22 ಹಾಕಿದರು, ಆಮೇಲೆ ನೀರಿನಿಂದ ತಂಪಾಗುವ ಎಂ-17. ಮೊದಲೆರಡಕ್ಕೆ ಸಿಲಿಂಡರ್‌ಗಳು ಚಕ್ರದಂತೆ ಹೊರಗೆ ಕಾಣುತ್ತವೆ, ಮೂರನೆಯದಕ್ಕೆ ಉದ್ದ ಮೂತಿ. ಎಎನ್‌ಟಿ-9ರಲ್ಲೂ ಹಾಗೆ: ಮೂರು ಎಂಜಿನ್ ಇದ್ದರೆ ಹಳೆಯದು, ಎರಡು ಎಂ-17 ಇದ್ದರೆ ಪಿಎಸ್-9. ‘ಇದು 1930ರ ಚಿತ್ರ’ ಎಂದು ಮಾರುವವನು ಎರಡು ಎಂಜಿನಿನ ಚಿತ್ರ ತೋರಿಸಿದರೆ ದುಡ್ಡು ಜೇಬಿನಲ್ಲೇ ಇರಲಿ.

ದುಡ್ಡಿನ ವಿಷಯ ಬಂತು. ಒಟ್ಟು ಖರ್ಚು ಒಂದೂಕಾಲು ಲಕ್ಷ ದಾಟಿರಬೇಕು. ಅರ್ಧ ಹೋದದ್ದು ಸ್ಕ್ಯಾನ್ ಪುಟಗಳಿಗೆ. ಪುಟಕ್ಕೆ ನೂರೈವತ್ತರಿಂದ ಮುನ್ನೂರು ರೂಪಾಯಿ. 2022ರ ನಂತರ ನಮ್ಮ ಕಾರ್ಡುಗಳಿಂದ ರಷ್ಯಾಕ್ಕೆ ನೇರ ಪಾವತಿ ನಿಂತಿದ್ದರಿಂದ ಮೂರನೇ ದೇಶದ ಮಧ್ಯವರ್ತಿಗೆ ಹತ್ತು ಹನ್ನೆರಡು ಪ್ರತಿಶತ ಕೊಡಬೇಕಾಯಿತು. ರಷ್ಯನ್ ಓದುವ ವಿದ್ಯಾರ್ಥಿಗೆ ಪುಟಕ್ಕೆ ಇಷ್ಟೆಂದು ಕೊಟ್ಟಿದ್ದು ಮಾತ್ರ ಸಾರ್ಥಕ. ಯಂತ್ರಾನುವಾದ ಕಲಿನಿನ್ ಎಂಬ ವಿನ್ಯಾಸಕ, ಕಲಿನಿನ್ ಎಂಬ ರಾಜಕಾರಣಿ, 1931ರ ನಂತರ ಕಲಿನಿನ್ ಆದ ತ್ವೇರ್ ಪಟ್ಟಣ ಮೂರನ್ನೂ ಕಲಸಿಬಿಡುತ್ತದೆ.

ದಂಡವಾದದ್ದು ಅಂಚೆಚೀಟಿಗಳ ಮೇಲೆ. 1935ರ ಆಗಸ್ಟ್‌ನಲ್ಲಿ ಧ್ರುವ ಹಾರಾಟಗಳ ಹೆಸರಾಂತ ಚಾಲಕ ಲೆವನೆವ್ಸ್ಕಿ ಎಎನ್‌ಟಿ-25ರಲ್ಲಿ ಧ್ರುವ ದಾಟಿ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟು, ಎಣ್ಣೆ ಸೋರಿತೆಂದು ಬ್ಯಾರೆಂಟ್ಸ್ ಸಮುದ್ರದ ಮೇಲಿಂದ ಹಿಂದಿರುಗಿದ. ಆ ಹಾರಾಟಕ್ಕೆಂದೇ ಅವನ ಚಿತ್ರವಿದ್ದ 10 ಕೊಪೆಕ್ ಚೀಟಿಯ ಮೇಲೆ 1 ರೂಬಲ್ ಎಂದು ಮರುಮುದ್ರಿಸಿದ್ದರು. ತಲೆಕೆಳಗಾದ ಮುದ್ರೆ, ಫ್ರಾನ್ಸಿಸ್ಕೋದ ಮೊದಲಕ್ಷರ ಚಿಕ್ಕದಾದ ಮುದ್ರೆ, ಎರಡಕ್ಕೂ ಬೆಲೆ ಆಕಾಶಕ್ಕೆ. ಅದಕ್ಕೇ ನಕಲಿಗಳೂ ದಂಡಿಯಾಗಿವೆ. ಪಟ್ಟಿ ಕಟ್ಟುವವನಿಗೆ ಚೀಟಿ ಬೇಕಾಗಿಲ್ಲ, ಲಕೋಟೆಯ ಮೇಲಿನ ಠಸ್ಸೆ ಸಾಕು, ಅದೂ ಎರಡೂ ಬದಿಯ ಸ್ಕ್ಯಾನ್ ಆದರೆ ಸಾಕು. ಹೊರಟ ಠಸ್ಸೆ, ತಲುಪಿದ ಠಸ್ಸೆ ನಡುವೆ ಮಾಮೂಲಿಗಿಂತ ನಾಲ್ಕೈದು ದಿನ ಹೆಚ್ಚಿದ್ದರೆ ಆ ಮಾರ್ಗದಲ್ಲಿ ಏನೋ ಆಗಿದೆ. ಚಳಿಗಾಲದ ಲಕೋಟೆಗಳಿಗೆ ಈ ಲೆಕ್ಕ ಹಾಕಬೇಡಿ, ಹವಾಮಾನಕ್ಕೇ ವಾರಗಟ್ಟಲೆ ನಿಲ್ಲುತ್ತಿದ್ದವು.

ಡೆರುಲುಫ್ಟ್ ಸಾಲುಗಳು ಸುಲಭ. 1921ರಿಂದ 1937ರವರೆಗಿದ್ದ ಜರ್ಮನ್–ಸೋವಿಯತ್ ಜಂಟಿ ಕಂಪನಿ ಅದು, ಜರ್ಮನ್ ಕಡೆಯ ಕಾಗದ ಸಿಗುತ್ತದೆ. 1935ರ ಜನವರಿ 31ರಂದು ಸ್ಟೆಟಿನ್ ಹತ್ತಿರ ಬಿದ್ದು 11 ಜನ ಸತ್ತ ಯುಂಕರ್ಸ್ 52ಕ್ಕೆ ಡಿ-ಎಆರ್‌ಇಎನ್ ಎಂಬ ಜರ್ಮನ್ ನೋಂದಣಿ. ಸೋವಿಯತ್ ಪಟ್ಟಿಗೆ ಇದು ಬೇಡ ಎನ್ನುವವರಿದ್ದಾರೆ. ನಾನು ಇಟ್ಟಿದ್ದೇನೆ, ಬಣ್ಣ ಬೇರೆ.

ಸುಲಭವಲ್ಲದ್ದು 1925ರ ಮಾರ್ಚ್ 22ರದ್ದು. ಟಿಫ್ಲಿಸ್‌ನಿಂದ ಸುಖುಮಿಗೆ ಹೊರಟ ಯುಂಕರ್ಸ್ ಎಫ್-13 ದಿದುಬೆ ಬಳಿ ಗಾಳಿಯಲ್ಲೇ ಹೊತ್ತಿಕೊಂಡಿತು. ಬೋಲ್ಷೆವಿಕ್ ಮುಖಂಡರಾದ ಮ್ಯಾಸ್ನಿಕೊವ್, ಮೊಗಿಲೆವ್ಸ್ಕಿ, ಅತರ್ಬೆಕೊವ್, ಇಬ್ಬರು ಚಾಲಕರು, ಐವರೂ ಹೋದರು. ಮೂರು ತನಿಖಾ ಆಯೋಗ ಕೂತವು, ಬೆಂಕಿಯ ಮೂಲ ಗೊತ್ತಾಗಲಿಲ್ಲ. ಸ್ಟಾಲಿನ್, ಗುಪ್ತ ಪೊಲೀಸ್ ಅಧಿಕಾರಿ ಬೆರಿಯಾ ಕೈವಾಡದ ಕಥೆಗಳಿಗೆ ಕೊರತೆಯಿಲ್ಲ. ಕಾರಣದ ಕಾಲಂನಲ್ಲಿ ‘ಬೆಂಕಿ, ಮೂಲ ಅನಿಶ್ಚಿತ’ ಎಂದಷ್ಟೇ ಬರೆಯಿರಿ. ಅನುಮಾನಕ್ಕೂ ಒಂದು ಕಾಲಂ ಮಾಡಿದರೆ ಪಟ್ಟಿ ಪಟ್ಟಿಯಾಗಿ ಉಳಿಯುವುದಿಲ್ಲ.

ನಡುವೆ ಒಂದು ಅಡ್ಡದಾರಿ. ಧ್ರುವ ದಾಟಿ ಅಮೆರಿಕಕ್ಕೆ ಹೊರಟು ಕಾಣೆಯಾದ ಲೆವನೆವ್ಸ್ಕಿಯ ಎನ್-209, ನಾಲ್ಕು ಎಂಜಿನಿನ ಡಿಬಿ-ಎ ಮಾದರಿ, ಆರು ಜನ, 1937. ಆಗಸ್ಟ್ 12ರ ಸಂಜೆ 18:15ಕ್ಕೆ ಮಾಸ್ಕೋ ಬಳಿಯಿಂದ ಏರಿತು, ಮರುದಿನ 13:40ಕ್ಕೆ ಧ್ರುವದ ಮೇಲೆ, ಎತ್ತರ 6100 ಮೀಟರ್. 14:32ಕ್ಕೆ ಬಲತುದಿಯ ಎಂಜಿನ್ ಎಣ್ಣೆ ವ್ಯವಸ್ಥೆ ಕೆಟ್ಟು ನಿಂತಿತು, 4600 ಮೀಟರಿನಲ್ಲಿ ಮೋಡದೊಳಗೆ ಇದ್ದೇವೆ ಎಂಬ ಸುದ್ದಿ. ಮಾಸ್ಕೋ ಅಕ್ಷಾಂಶದಿಂದ ಧ್ರುವಕ್ಕೆ ಸುಮಾರು 3800 ಕಿ.ಮೀ., 19 ಗಂಟೆ 25 ನಿಮಿಷ, ಅಂದರೆ ಗಂಟೆಗೆ 196 ಕಿ.ಮೀ. ಅದೇ ವೇಗದಲ್ಲಿ 52 ನಿಮಿಷಕ್ಕೆ ಧ್ರುವದಿಂದ ಆಚೆ 170 ಕಿ.ಮೀ. ಗಾಳಿ ಕೆಲವೆಡೆ ಗಂಟೆಗೆ 100 ಕಿ.ಮೀ. ಎಂದು ಅವರೇ ಹೇಳಿದ್ದರಿಂದ ಈ 170ಕ್ಕೆ ಐವತ್ತು ಅತ್ತ ಇತ್ತ ಸೇರಿಸಿ ನಕ್ಷೆಯಲ್ಲಿ ಚುಕ್ಕೆಯ ಬದಲು ಪಟ್ಟೆ ಎಳೆದೆ. ಸಮಯ ಮಾಸ್ಕೋದ್ದು. 1930ರ ನಂತರ ಮಾಸ್ಕೋ ಗ್ರೀನಿಚ್‌ಗಿಂತ ಮೂರು ಗಂಟೆ ಮುಂದಿದೆ. ಎರಡೇ ಗಂಟೆ ಕಳೆದು ಅಮೆರಿಕದ ರೇಡಿಯೊ ದಾಖಲೆಗೆ ಹೋಲಿಸಿದವರ ಲೆಕ್ಕಗಳು ಪೂರಾ ಒಂದು ಗಂಟೆ ಜಾರಿವೆ. ಯಾಕುತ್ಸ್ಕ್, ಕೇಪ್ ಶ್ಮಿಟ್ ರೇಡಿಯೊ ಕೇಂದ್ರಗಳು ಆಮೇಲೆ ಕೇಳಿದೆವು ಎಂದ ತುಣುಕುಗಳಿಗೆ ಕಡಿಮೆ ಅಂಕ ಕೊಟ್ಟಿದ್ದೇನೆ.

ಪಟ್ಟಿಯನ್ನು 1942ಕ್ಕೆ ನಿಲ್ಲಿಸಿದ್ದು ಎಲ್-760 ಸಲುವಾಗಿ. ‘ಮಕ್ಸಿಂ ಗೋರ್ಕಿ’ಯ ಆರು ಎಂಜಿನಿನ ತಮ್ಮ, ಡಿಸೆಂಬರ್ 14ರಂದು ತಾಷ್ಕೆಂಟ್ ಬಳಿ ಬಿದ್ದು 36 ಜನ ಹೋದರು. ಚಾಲಕ ತನ್ನ ಕುರ್ಚಿಯನ್ನು ಪ್ರಯಾಣಿಕನಿಗೆ ಬಿಟ್ಟುಕೊಟ್ಟಿದ್ದ.

ಈಗ ಕೈಯಲ್ಲಿರುವುದು 1931–34ರ ಕೆ-5 ಸಾಲುಗಳು. ಸುಮಾರು 260 ಕಟ್ಟಿದ್ದಾರೆ, ನನ್ನಲ್ಲಿ ಮೂವತ್ತರಷ್ಟೂ ಪೂರ್ತಿಯಾಗಿಲ್ಲ. ಎಂ-22 ಇರುವ, ಸಂಖ್ಯೆ ಓದಲು ಬರುವ ಚಿತ್ರ ಯಾರಲ್ಲಾದರೂ ಇದ್ದರೆ 600 ಡಿಪಿಐನಲ್ಲಿ ಎರಡೂ ಬದಿ ಸ್ಕ್ಯಾನ್ ಮಾಡಿ ಕಳಿಸಲಿ, ಚಿತ್ರಕ್ಕೆ ಐನೂರು ಕೊಡುತ್ತೇನೆ. ಹಿಂಬದಿಯಲ್ಲಿ ಪೆನ್ಸಿಲ್ ಬರಹ ಇದ್ದರೆ ಸಾವಿರ.