ಕೋಡಿಂಗ್ ಸ್ಪರ್ಧೆಗೆ ಹೆಸರು ಕೊಡುವ ಮೊದಲು ನಿಯಮದ ಹಾಳೆ ಓದಿ

ಬಳ್ಳಾರಿಯ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ನಾನು ಕಂಪ್ಯೂಟರ್ ಸೈನ್ಸ್ ಪಾಠ ಮಾಡುತ್ತೇನೆ. ಸ್ಪರ್ಧೆಗೆ ಹೋಗುವ ಟೀಮ್‌ಗಳಿಗೆ ಕೋಚ್ ಕೂಡ ನಾನೇ. ನಮ್ಮ ಕಡೆಯ ಮಕ್ಕಳು ಗ್ರಾಫು, ಡೈನಾಮಿಕ್ ಪ್ರೋಗ್ರಾಮಿಂಗ್ ಅಂತ ತಿಂಗಳುಗಟ್ಟಲೆ ಕೂತು ಕಲಿಯುತ್ತಾರೆ. ನಿಯಮದ ಹಾಳೆ ಕೈಗೆ ಕೊಟ್ಟರೆ ಮಾತ್ರ "ಇದನ್ನೆಲ್ಲ ಯಾರು ಓದ್ತಾರ್ರಿ ಮೇಡಂ" ಅಂತಾರೆ. ನಾನು ಓದಿಸದೆ ಬಿಡುವುದಿಲ್ಲ. ಯಾರನ್ನು ಟೀಮ್‌ಗೆ ಸೇರಿಸಿಕೊಳ್ಳಬೇಕು, ಐದು ಗಂಟೆ ಹೇಗೆ ಹಂಚಿಕೊಳ್ಳಬೇಕು, ಸಬ್ಮಿಟ್ ಯಾವಾಗ ಒತ್ತಬೇಕು, ಎಲ್ಲಕ್ಕೂ ಉತ್ತರ ಆ ಹಾಳೆಯಲ್ಲೇ ಸಿಗುತ್ತದೆ. ದೊಡ್ಡ ಊರಿನ ಕಾಲೇಜುಗಳಲ್ಲಿ ಇದನ್ನು ಸೀನಿಯರ್‌ಗಳು ಬಾಯಿಮಾತಲ್ಲೇ ಹೇಳಿಕೊಡುತ್ತಾರೆ. ಬಳ್ಳಾರಿ, ಕೊಪ್ಪಳ, ರಾಯಚೂರಿನ ಎಷ್ಟೋ ಕಾಲೇಜುಗಳಲ್ಲಿ ಹಾಗೆ ಹೇಳುವ ಸೀನಿಯರ್ ಇರುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ನಿಮ್ಮದು ಯಾವ ಸ್ಪರ್ಧೆ ಅಂತ ಸರಿಯಾಗಿ ನೋಡಿಕೊಳ್ಳಿ. ಹೆಸರಿಗೆ ಎಲ್ಲವೂ ಕೋಡಿಂಗ್ ಸ್ಪರ್ಧೆಯೇ, ಒಳಗೆ ಹೋದರೆ ಬೇರೆ ಬೇರೆ. ಐಸಿಪಿಸಿ ಅಂದರೆ ಕಾಲೇಜು ಟೀಮ್‌ಗಳ ಅಂತಾರಾಷ್ಟ್ರೀಯ ಪ್ರೋಗ್ರಾಮಿಂಗ್ ಸ್ಪರ್ಧೆ; ಅದರಲ್ಲಿ ಮೂರು ಜನ, ಒಂದು ಕಂಪ್ಯೂಟರ್, ಐದು ಗಂಟೆ, ಪ್ರಾಬ್ಲಮ್ ಬಿಡಿಸುವುದು. ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್‌ನಲ್ಲಿ ಆರು ಜನ ಸೇರಿ, ಸರ್ಕಾರಿ ಇಲಾಖೆಯೋ ಕಂಪನಿಯೋ ಕೊಟ್ಟ ಸಮಸ್ಯೆಗೆ ನಿಜಕ್ಕೂ ನಡೆಯುವ ಒಂದು ಮಾದರಿ ಮಾಡಿ ತೋರಿಸಬೇಕು. ಕೋಡ್‌ಶೆಫ್, ಕೋಡ್‌ಫೋರ್ಸಸ್‌ಗಳಲ್ಲಿ (ಇವು ಸ್ಪರ್ಧೆ ನಡೆಸುವ ಜಾಲತಾಣಗಳು) ಒಬ್ಬೊಬ್ಬರೇ, ಕೂತಲ್ಲಿಂದಲೇ. ಶಾಲೆ, ಪಿಯುಸಿ ಮಕ್ಕಳಿಗೆ ಇನ್ಫರ್ಮ್ಯಾಟಿಕ್ಸ್ ಒಲಿಂಪಿಯಾಡ್ ಬೇರೆಯೇ ಇದೆ. ಒಂದರ ನಿಯಮ ಇನ್ನೊಂದಕ್ಕೆ ಹೊಂದುವುದಿಲ್ಲ. ಹೋದ ವರ್ಷದ ನಿಯಮ ಈ ವರ್ಷಕ್ಕೆ ಹಾಗೇ ಇರುತ್ತದೆ ಅಂತಲೂ ಇಲ್ಲ. ಗೆಳೆಯರು ಫಾರ್ವರ್ಡ್ ಮಾಡಿದ ಪಿಡಿಎಫ್ ನಂಬಬೇಡಿ. ಆಯೋಜಕರ ಜಾಲತಾಣದಿಂದ ಈ ವರ್ಷದ್ದನ್ನೇ ಇಳಿಸಿಕೊಳ್ಳಿ.

ಐಸಿಪಿಸಿ: ಮೂರು ಜನ, ಒಂದು ಕೀಬೋರ್ಡ್

ಮೂವರೂ ಒಂದೇ ಸಂಸ್ಥೆಯವರಾಗಿರಬೇಕು. ರಾಯಚೂರಲ್ಲಿ ಓದುವ ಗೆಳೆಯ, ಕೊಪ್ಪಳದ ಕಾಲೇಜಿನ ಅತ್ತೆ ಮಗ, ಇಲ್ಲಿಂದ ನೀವು, ಹೀಗೆ ಟೀಮ್ ಕಟ್ಟಲು ಬರುವುದಿಲ್ಲ. ಬ್ರಾಂಚು, ಸೆಮಿಸ್ಟರು ಬೇರೆ ಬೇರೆ ಇದ್ದರೆ ತೊಂದರೆ ಇಲ್ಲ. ಎಲೆಕ್ಟ್ರಾನಿಕ್ಸ್ ಮೂರನೇ ಸೆಮಿಸ್ಟರಿನ ಹುಡುಗಿ, ಫೈನಲ್ ಇಯರಿನ ಇಬ್ಬರು ಹುಡುಗರು ಸೇರಬಹುದು. ಗಣಿತ ಚೆನ್ನಾಗಿರುವವರು ಯಾವ ಬ್ರಾಂಚಲ್ಲಿದ್ದರೂ ಹುಡುಕಿ ಕರೆತನ್ನಿ ಅಂತ ನಾನು ಯಾವಾಗಲೂ ಹೇಳುತ್ತೇನೆ.

ವಯಸ್ಸಿನ ವಿಷಯದಲ್ಲಿ ಎರಡು ಷರತ್ತು ಇವೆ. ಇಂಥ ವರ್ಷ ಅಥವಾ ಅದರ ನಂತರ ಹುಟ್ಟಿರಬೇಕು ಅನ್ನುವುದು ಒಂದು. ಶಾಲಾ ಹಂತ ಮುಗಿಸಿ ಮುಂದಿನ ಓದನ್ನು ಇಂಥ ವರ್ಷ ಅಥವಾ ಅದರ ನಂತರ ಶುರು ಮಾಡಿರಬೇಕು ಅನ್ನುವುದು ಇನ್ನೊಂದು. ಎರಡರಲ್ಲಿ ಒಂದು ಕೂಡಿಬಂದರೂ ಸಾಕು. ಆ ವರ್ಷ ಯಾವುದು ಅನ್ನುವುದು ಪ್ರತಿ ಸಲ ಮುಂದಕ್ಕೆ ಹೋಗುತ್ತದೆ. ಡಿಪ್ಲೊಮಾ ಮುಗಿಸಿ ಲ್ಯಾಟರಲ್ ಎಂಟ್ರಿಯಲ್ಲಿ, ಅಂದರೆ ನೇರ ಎರಡನೇ ವರ್ಷಕ್ಕೆ ಬಂದವರು ಇಲ್ಲಿ ಜಾಸ್ತಿ ಹೆದರುತ್ತಾರೆ. ಹೆದರಬೇಕಿಲ್ಲ. ಹುಟ್ಟಿದ ವರ್ಷದ ಷರತ್ತು ನೋಡಿ, ಹೆಚ್ಚಿನವರಿಗೆ ಅದೇ ಸಾಕಾಗುತ್ತದೆ.

ಕೋಚ್ ಇಲ್ಲದೆ ಟೀಮ್ ಇಲ್ಲ. ಇದೂ ನಿಯಮವೇ. ಮಕ್ಕಳು ಐಸಿಪಿಸಿ ಜಾಲತಾಣದಲ್ಲಿ ತಮ್ಮ ತಮ್ಮ ಖಾತೆ ಮಾಡಿಕೊಳ್ಳಬೇಕು, ಇವರು ನಮ್ಮ ಕಾಲೇಜಿನವರೇ ಅಂತ ಕೋಚ್ ಖಾತ್ರಿ ಕೊಡಬೇಕು. ನಿಮ್ಮ ವಿಭಾಗದಲ್ಲಿ ಯಾರೂ ಕೋಚ್ ಆಗಿ ಮುಂದೆ ಬಂದಿಲ್ಲವಾದರೆ ಹೆಚ್‌ಓಡಿ ಹತ್ತಿರ ಹೋಗಿ ಕೇಳಿ. ನಿಯಮದ ಪ್ರಿಂಟ್‌ಔಟ್ ಜೊತೆಗಿರಲಿ. ಬರೀ ಬಾಯಲ್ಲಿ "ಸರ್, ಒಂದು ಕಾಂಟೆಸ್ಟ್ ಇದೆ" ಅಂದರೆ ಅವರಿಗೂ ಏನು ಅಂತ ಗೊತ್ತಾಗಬೇಕಲ್ಲ.

ಈಗ ಹೆಸರಿನ ವಿಷಯ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ನಮ್ಮ ಭಾಗದಲ್ಲಿ ಇನಿಷಿಯಲ್ ಮುಂದೆ ಬರುತ್ತದೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ "ಹೆಚ್. ವೀರೇಶ" ಅಂತ ಇರುತ್ತದೆ. ಆಧಾರ್‌ನಲ್ಲಿ "ವೀರೇಶ ಹೆಚ್" ಆಗಿರುತ್ತದೆ. ಕಾಲೇಜ್ ಐಡಿ ಕಾರ್ಡಿನಲ್ಲಿ ಬರೀ "ವೀರೇಶ್". ಅರ್ಜಿಯಲ್ಲಿ ಮೊದಲ ಹೆಸರು, ಕೊನೆಯ ಹೆಸರು ಅಂತ ಎರಡು ಖಾನೆ ಇರುತ್ತವೆ, ಎರಡನ್ನೂ ತುಂಬಲೇಬೇಕು. ಗಾಬರಿಯಲ್ಲಿ ಊರ ಹೆಸರನ್ನೋ ಅಪ್ಪನ ಹೆಸರನ್ನೋ ಹಾಕಿಬಿಡುತ್ತಾರೆ. ಮುಂದೆ ಸರ್ಟಿಫಿಕೇಟ್ ಮೇಲೂ ಅದೇ ಅಚ್ಚಾಗುತ್ತದೆ. ನಾನು ಹೇಳುವುದು ಇಷ್ಟೇ: ಮೊದಲ ಖಾನೆಯಲ್ಲಿ ಹೆಸರು, ಎರಡನೆಯದರಲ್ಲಿ ಇನಿಷಿಯಲ್, ಅಕ್ಷರಗಳು ಅಂಕಪಟ್ಟಿಯಲ್ಲಿ ಇದ್ದ ಹಾಗೇ. ಐಡಿ ಕಾರ್ಡಿನಲ್ಲಿ ಬೇರೆ ಥರ ಇದ್ದರೆ ಕಾಲೇಜ್ ಆಫೀಸಿನಿಂದ ಬೋನಫೈಡ್ ತೆಗೆದುಕೊಂಡು, ಅದರಲ್ಲಿ ಅಂಕಪಟ್ಟಿಯ ಹೆಸರು ಬರುವ ಹಾಗೆ ನೋಡಿಕೊಳ್ಳಿ. ಯುಎಸ್‌ಎನ್, ಅಂದರೆ ವಿಶ್ವವಿದ್ಯಾಲಯ ಕೊಟ್ಟ ನಿಮ್ಮ ನಂಬರು, ಬರೆಯುವಾಗಲೂ ಜೋಪಾನ. ಕಲಬುರಗಿ ವಿಭಾಗದ ನಮ್ಮ ನಂಬರುಗಳು 3ರಿಂದ ಶುರುವಾಗುತ್ತವೆ, ನಡುವೆ ಅಕ್ಷರ, ಕೊನೆಗೆ ಮತ್ತೆ ಅಂಕಿ. ಸೊನ್ನೆ ಇರಬೇಕಾದ ಕಡೆ ಇಂಗ್ಲಿಷಿನ 'ಓ' ಹೊಡೆದರೆ ಪರದೆಯ ಮೇಲೆ ವ್ಯತ್ಯಾಸವೇ ಕಾಣುವುದಿಲ್ಲ. ಒಬ್ಬರು ತುಂಬಿದ್ದನ್ನು ಇನ್ನೊಬ್ಬರು ಜೋರಾಗಿ ಓದಿ ತಾಳೆ ನೋಡಲಿ.

ಇನ್ನು ಅಂಕದ ನಿಯಮ. ನನಗೆ ಅತಿ ಇಷ್ಟವಾದ ಭಾಗ ಇದು. ಐಸಿಪಿಸಿಯಲ್ಲಿ ಮೊದಲು ನೋಡುವುದು ಎಷ್ಟು ಪ್ರಾಬ್ಲಮ್ ಬಿಡಿಸಿದ್ದೀರಿ ಅಂತ. ಸಮ ಬಂದರೆ ಒಟ್ಟು ಸಮಯ ನೋಡುತ್ತಾರೆ. ಸ್ಪರ್ಧೆ ಶುರುವಾದಾಗಿನಿಂದ ಆ ಪ್ರಾಬ್ಲಮ್ ಸರಿಯಾಗುವವರೆಗಿನ ನಿಮಿಷಗಳನ್ನು ಕೂಡುತ್ತಾರೆ, ಅದಕ್ಕೂ ಮೊದಲು ಮಾಡಿದ ಒಂದೊಂದು ತಪ್ಪು ಸಬ್ಮಿಷನ್‌ಗೆ 20 ನಿಮಿಷ ದಂಡ. ಕೊನೆಗೂ ಬಿಡಿಸದ ಪ್ರಾಬ್ಲಮ್‌ಗೆ ದಂಡ ಇಲ್ಲ.

ಬೋರ್ಡ್ ಮೇಲೆ ನಾನು ಹೀಗೆ ಬರೆದು ತೋರಿಸುತ್ತೇನೆ. ಎರಡು ಟೀಮ್, ಎರಡೂ ನಾಲ್ಕು ನಾಲ್ಕು ಬಿಡಿಸಿವೆ. ಮೊದಲನೆಯದು 15, 50, 110, 200ನೇ ನಿಮಿಷದಲ್ಲಿ ಬಿಡಿಸಿತು, ತಪ್ಪು ಒಂದೂ ಇಲ್ಲ. ಒಟ್ಟು 375. ಎರಡನೆಯದು ಪ್ರತಿ ಪ್ರಾಬ್ಲಮ್‌ನಲ್ಲೂ ಬೇಗ: 12, 40, 95, 170. ಒಟ್ಟು 317. ಆದರೆ ಆತುರದಲ್ಲಿ ನಾಲ್ಕು ಸಲ ತಪ್ಪು ಕಳಿಸಿದೆ. 80 ಸೇರಿಸಿ, 397 ಆಯಿತು. ನಿಧಾನವಾಗಿ ಹೋದ ಟೀಮ್ ಮೇಲೆ ಬಂತು. ಇಷ್ಟು ನೋಡಿದ ಮೇಲೆ ಮಕ್ಕಳು ತಾವೇ ಒಂದು ಪದ್ಧತಿ ಮಾಡಿಕೊಳ್ಳುತ್ತಾರೆ. ಟೈಪ್ ಮಾಡಿದವರು ಸಬ್ಮಿಟ್ ಒತ್ತುವಂತಿಲ್ಲ, ಇನ್ನೊಬ್ಬರು ಓದಿ, ಇನ್‌ಪುಟ್ ಗಾತ್ರ ಎನ್ ಒಂದು ಇದ್ದಾಗ ಏನಾಗುತ್ತದೆ, ಅತಿ ದೊಡ್ಡದಿದ್ದಾಗ ಉತ್ತರ ಇಡಲು ಇಂಟ್ ಅನ್ನುವ ಡೇಟಾ ಟೈಪ್ ಸಾಕಾಗುತ್ತದಾ ಅಂತ ಪರೀಕ್ಷಿಸಿ ಒತ್ತಬೇಕು. ಕೊನೆಯ ಗಂಟೆಯಲ್ಲಿ ಸ್ಕೋರ್‌ಬೋರ್ಡ್ ನಿಲ್ಲಿಸಿಬಿಡುತ್ತಾರೆ. ಆಗ ಬೇರೆಯವರು ಎಲ್ಲಿದ್ದಾರೆ ಅಂತ ಕಾಣುವುದಿಲ್ಲ. ಬೋರ್ಡ್ ನೋಡುವುದು ಬಿಟ್ಟು ಕೈಯಲ್ಲಿರುವ ಪ್ರಾಬ್ಲಮ್ ಮುಗಿಸಿ.

ಒಂದೇ ಕಂಪ್ಯೂಟರ್ ಅನ್ನುವ ನಿಯಮಕ್ಕೆ ಅಭ್ಯಾಸ ಬೇಕೇ ಬೇಕು. ಲ್ಯಾಬಿನಲ್ಲಿ ಮೂರು ಸಿಸ್ಟಮ್ ಖಾಲಿ ಇದ್ದರೂ ಎರಡನ್ನು ಆಫ್ ಮಾಡಿ. ಒಬ್ಬರು ಟೈಪ್ ಮಾಡುವಾಗ ಉಳಿದಿಬ್ಬರು ಹಾಳೆ ಮೇಲೆ ಕೋಡ್ ಬರೆಯಲಿ. ಮೊಬೈಲ್, ಸ್ಮಾರ್ಟ್‌ವಾಚ್ ಒಳಗೆ ಬಿಡುವುದಿಲ್ಲ. ಅಚ್ಚಾದ ಟಿಪ್ಪಣಿ ಒಯ್ಯಬಹುದು. ವಿಶ್ವ ಫೈನಲ್‌ನಲ್ಲಿ ಅದಕ್ಕೆ 25 ಪುಟದ ಮಿತಿ ಇದೆ. ಪ್ರಾದೇಶಿಕ ಸುತ್ತಿನಲ್ಲಿ ಎಷ್ಟು ಅಂತ ಆಯಾ ಆಯೋಜಕರ ಹಾಳೆ ನೋಡಿ. ಯಾರದೋ ಟಿಪ್ಪಣಿ ಇಳಿಸಿ ಪ್ರಿಂಟ್ ಹಾಕಿಕೊಂಡರೆ ಪ್ರಯೋಜನ ಇಲ್ಲ. ಸೆಗ್ಮೆಂಟ್ ಟ್ರೀ, ಡೈಕ್‌ಸ್ಟ್ರಾ, ಹೀಗೆ ಪದೇ ಪದೇ ಬೇಕಾಗುವ ವಿಧಾನಗಳಿಗೆ ನೀವೇ ಬರೆದು ಓಡಿಸಿ ನೋಡಿದ ಕೋಡ್ ಮಾತ್ರ ಅದರಲ್ಲಿ ಇರಲಿ. ಬೇರೆಯವರ ವೇರಿಯಬಲ್ ಹೆಸರು ಅರ್ಥಮಾಡಿಕೊಳ್ಳುವಷ್ಟರಲ್ಲಿ ಅರ್ಧ ಗಂಟೆ ಹೋಗಿರುತ್ತದೆ.

ಹ್ಯಾಕಥಾನ್‌ಗೆ ಹೋಗುವವರಿಗೆ

ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್ 2017ರಿಂದ ನಡೆಯುತ್ತಿದೆ. ಕೇಂದ್ರ ಶಿಕ್ಷಣ ಸಚಿವಾಲಯ, ತಾಂತ್ರಿಕ ಶಿಕ್ಷಣ ಮಂಡಳಿಯಾದ ಎಐಸಿಟಿಇ ಸೇರಿ ನಡೆಸುತ್ತವೆ. ಲೀಡರ್ ಸೇರಿ ಆರು ಜನ, ಎಲ್ಲರೂ ಒಂದೇ ಕಾಲೇಜಿನವರು, ಅದರಲ್ಲಿ ಕನಿಷ್ಠ ಒಬ್ಬರು ಹುಡುಗಿ ಇರಲೇಬೇಕು. ಟೀಮ್ ಹೆಸರಲ್ಲಿ ಕಾಲೇಜಿನ ಹೆಸರು ಯಾವ ರೂಪದಲ್ಲೂ ಬರಬಾರದು. ವಿದ್ಯಾರ್ಥಿಗಳು ನೇರವಾಗಿ ಅರ್ಜಿ ಹಾಕಲು ಆಗುವುದಿಲ್ಲ. ಮೊದಲು ಕಾಲೇಜಿನೊಳಗೆ ಒಂದು ಹ್ಯಾಕಥಾನ್ ನಡೆಯಬೇಕು, ಅದರಲ್ಲಿ ಆಯ್ಕೆಯಾದ ಟೀಮ್‌ಗಳನ್ನು ಕಾಲೇಜಿನ ಎಸ್‌ಪಿಓಸಿ, ಅಂದರೆ ಅದಕ್ಕೇ ನೇಮಿಸಿದ ಅಧ್ಯಾಪಕರು, ಮುಂದೆ ಕಳಿಸಬೇಕು. ನಿಮ್ಮ ಕಾಲೇಜಿನಲ್ಲಿ ಆ ಜವಾಬ್ದಾರಿ ಯಾರದು ಅಂತ ಇವತ್ತೇ ವಿಚಾರಿಸಿ. ಸಾಫ್ಟ್‌ವೇರ್ ವಿಭಾಗದ ಫೈನಲ್ 36 ಗಂಟೆ ಬಿಡದೆ ನಡೆಯುತ್ತದೆ, ಊಟ ನಿದ್ದೆಯ ಪಾಳಿ ಮೊದಲೇ ಹಾಕಿಕೊಳ್ಳಿ.

ಹುಡುಗಿಯರ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. ನಿಯಮ ಇದೆಯಲ್ಲ ಅಂತ ಕೊನೆ ದಿನ ಕ್ಲಾಸಿನ ಒಬ್ಬಳ ಹೆಸರು ಸೇರಿಸಿ, ಪಿಪಿಟಿ ಓದುವ ಕೆಲಸ ಕೊಡುವುದನ್ನು ನೋಡಿ ನನಗೆ ಬೇಜಾರಾಗುತ್ತದೆ. ಡೇಟಾಬೇಸ್ ಕಟ್ಟುವುದಕ್ಕೆ, ಬ್ಯಾಕೆಂಡ್ ಬರೆಯುವುದಕ್ಕೆ ಅವಳನ್ನು ಮೊದಲ ದಿನದಿಂದ ಕೂರಿಸಿಕೊಳ್ಳಿ. ತೀರ್ಪುಗಾರರು ಪ್ರಶ್ನೆ ಕೇಳುವುದು ಆರೂ ಜನರಿಗೆ.

ಆನ್‌ಲೈನ್ ಸ್ಪರ್ಧೆಗಳಲ್ಲಿ ನಿಯಮ ಸರಳ: ಒಬ್ಬರಿಗೆ ಒಂದೇ ಖಾತೆ, ಸ್ಪರ್ಧೆ ಮುಗಿಯುವವರೆಗೆ ಕೋಡ್ ಯಾರಿಗೂ ತೋರಿಸುವಂತಿಲ್ಲ. ಹಾಸ್ಟೆಲ್ಲಿನಲ್ಲಿ ಇದು ಕಷ್ಟ ಅಂತ ನನಗೆ ಗೊತ್ತು. ಪಕ್ಕದ ಮಂಚದವನು "ಸ್ವಲ್ಪ ಲಾಜಿಕ್ ಹೇಳೋ" ಅಂದರೆ ಇಲ್ಲ ಅನ್ನಲು ಮನಸ್ಸು ಬರುವುದಿಲ್ಲ. ಆದರೆ ವೇರಿಯಬಲ್ ಹೆಸರು ಬದಲಿಸಿದರೂ ಹೋಲಿಕೆ ಹಿಡಿಯುವ ತಂತ್ರಾಂಶ ಆಯೋಜಕರ ಹತ್ತಿರ ಇದೆ, ಸಿಕ್ಕಿಬಿದ್ದರೆ ಕೊಟ್ಟವನಿಗೂ ತೆಗೆದುಕೊಂಡವನಿಗೂ ಶಿಕ್ಷೆ ಒಂದೇ. ಐಡಿಯೋನ್‌ನಂಥ ಆನ್‌ಲೈನ್ ಕಂಪೈಲರ್ ಬಳಸುವವರು ಕೋಡನ್ನು ಪಬ್ಲಿಕ್ ಅಂತ ಬಿಡಬೇಡಿ. ಅಲ್ಲಿಂದ ಯಾರೋ ಎತ್ತಿಕೊಂಡರೂ ಹೊಣೆ ನಿಮ್ಮದೇ ಆಗುತ್ತದೆ. ಎಐ ಬಳಕೆಯ ಬಗ್ಗೆ ಕೋಡ್‌ಫೋರ್ಸಸ್ 2024ರಲ್ಲಿ ನಿಯಮ ಬಿಗಿ ಮಾಡಿತು. ಪ್ರಾಬ್ಲಮ್ ಅನ್ನು ಎಐಗೆ ಹಾಕಿ ಉತ್ತರ ತೆಗೆಯುವುದು ಅಲ್ಲಿ ನಿಷೇಧ.

ಸಮಯವನ್ನೂ ಗಮನಿಸಿ. ಕೋಡ್‌ಫೋರ್ಸಸ್‌ನ ಹೆಚ್ಚಿನ ಸುತ್ತುಗಳು ಮಾಸ್ಕೋ ಸಮಯ ಸಂಜೆ 5.35ಕ್ಕೆ, ಅಂದರೆ ನಮಗೆ ರಾತ್ರಿ 8.05ಕ್ಕೆ ಶುರು. ಸರಿಯಾಗಿ ಮೆಸ್ ಊಟದ ಹೊತ್ತು. ವಾರ್ಡನ್‌ಗೆ ಮೊದಲೇ ಹೇಳಿ ತಟ್ಟೆ ಎತ್ತಿಡಿಸಿಕೊಳ್ಳಿ. ನಿಮ್ಮ ಕಡೆ ಕರೆಂಟು ಹೋಯಿತು, ನೆಟ್ ಹೋಯಿತು ಅಂತ ಯಾರೂ ಗಡುವು ಮುಂದೆ ಹಾಕುವುದಿಲ್ಲ. ಲ್ಯಾಪ್‌ಟಾಪ್ ಪೂರ್ತಿ ಚಾರ್ಜ್, ಹಾಟ್‌ಸ್ಪಾಟ್‌ಗೆ ಬೇರೆ ಕಂಪನಿಯ ಒಂದು ಸಿಮ್, ಎರಡೂ ತಯಾರಿರಲಿ.

ಶಾಲೆ, ಪಿಯುಸಿಯ ತಮ್ಮ ತಂಗಿಯರು ಇದ್ದರೆ ಅವರಿಗೂ ಹೇಳಿ. ಇಂಡಿಯನ್ ಕಂಪ್ಯೂಟಿಂಗ್ ಒಲಿಂಪಿಯಾಡ್‌ನ ಜೋನಲ್ ಇನ್ಫರ್ಮ್ಯಾಟಿಕ್ಸ್ ಪರೀಕ್ಷೆಯನ್ನು ಕಾಗದ, ಪೆನ್ನಿನಲ್ಲೇ ಬರೆಯುವುದು. ಕೋಡಿಂಗ್ ಬರಲೇಬೇಕು ಅಂತಿಲ್ಲ, ಯೋಚನೆ ಬೇಕು. ಯಲಬುರ್ಗಾದ್ದೋ ಸಿಂಧನೂರಿನದ್ದೋ, ಕಂಪ್ಯೂಟರ್ ಲ್ಯಾಬ್ ಸರಿ ಇಲ್ಲದ ಶಾಲೆಯ ಮಗುವಿಗೂ ಬಾಗಿಲು ತೆರೆದಿದೆ. ಎಲ್ಲ ಸುತ್ತು ದಾಟಿದ ನಾಲ್ವರು ದೇಶದ ಪರವಾಗಿ ಅಂತಾರಾಷ್ಟ್ರೀಯ ಒಲಿಂಪಿಯಾಡ್‌ಗೆ ಹೋಗುತ್ತಾರೆ. ಅಲ್ಲಿ ಆ ವರ್ಷದ ಜುಲೈ 1ಕ್ಕೆ 20 ವರ್ಷ ದಾಟಿರಬಾರದು.

ಹೊರಡುವ ಮೊದಲು

ಆನ್‌ಲೈನ್ ಸುತ್ತು ದಾಟಿದರೆ ಐಸಿಪಿಸಿಯ ಪ್ರಾದೇಶಿಕ ಸುತ್ತಿಗೆ ಊರು ಬಿಟ್ಟು ಹೋಗಬೇಕಾಗುತ್ತದೆ. ನಮ್ಮ ವಿಶ್ವವಿದ್ಯಾಲಯ ವಿಟಿಯುನಲ್ಲಿ ಶೇ. 85 ಹಾಜರಾತಿ ಬೇಕು. ಹಾಗಾಗಿ ಓಡಿ (ಆನ್ ಡ್ಯೂಟಿ) ಪತ್ರಕ್ಕೆ, ಅಂದರೆ ಕಾಲೇಜಿನ ಕೆಲಸಕ್ಕೇ ಹೋಗಿದ್ದೀರಿ ಅನ್ನುವ ಪತ್ರಕ್ಕೆ, ಹೋಗುವ ಮೊದಲೇ ಸಹಿ ಹಾಕಿಸಿಕೊಳ್ಳಿ, ಬಂದ ಮೇಲೆ ಅಲ್ಲ. ಇಂಟರ್ನಲ್ಸ್ ಅದೇ ವಾರ ಬಿದ್ದಿದ್ದರೆ ಆಯಾ ವಿಷಯದ ಮೇಷ್ಟ್ರಿಗೆ ಖುದ್ದಾಗಿ ಹೋಗಿ ಹೇಳಿ. ಸ್ಪರ್ಧೆ ಕೇರಳದ ಅಮೃತಪುರಿಯಲ್ಲಿ ಇದ್ದರೆ ಇಲ್ಲಿಂದ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಬೆಂಗಳೂರು, ಅಲ್ಲಿಂದ ಕಾಯಂಕುಳಂ ಕಡೆಯ ರೈಲು. ರಿಸರ್ವೇಷನ್ 60 ದಿನ ಮೊದಲೇ ತೆರೆಯುತ್ತದೆ, ಫಲಿತಾಂಶ ಬರುವುದು ಅದಾದ ಮೇಲೆ. ಆದ್ದರಿಂದ ಫಲಿತಾಂಶ ಬಂದ ರಾತ್ರಿಯೇ ಟಿಕೆಟ್ ನೋಡಿ. ಮಗಳನ್ನು ಕಳಿಸಲು ಹಿಂದೇಟು ಹಾಕುವ ಮನೆಗಳಿಗೆ ನಾನೇ ಫೋನ್ ಮಾಡುತ್ತೇನೆ. ಎಲ್ಲಿ ಉಳಿಯುತ್ತಾರೆ, ಜೊತೆಗೆ ಯಾರು, ಯಾವ ರೈಲು, ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದುಕೊಟ್ಟರೆ ಅಪ್ಪ ಅಮ್ಮ ಬಹಳ ಸಲ ಒಪ್ಪುತ್ತಾರೆ. ನೀವೂ ನಿಮ್ಮ ಕೋಚ್‌ಗೆ ಹಾಗೆ ಫೋನ್ ಮಾಡಲು ಕೇಳಬಹುದು.

ನಿಯಮದಲ್ಲಿ ಏನಾದರೂ ಅರ್ಥವಾಗದಿದ್ದರೆ ಸ್ಪರ್ಧೆಯ ದಿನದವರೆಗೆ ಕಾಯಬೇಡಿ. ಶುರುವಾದ ಮೇಲೆ ತೀರ್ಪುಗಾರರು ಪ್ರಾಬ್ಲಮ್ ಬಗೆಗಿನ ಪ್ರಶ್ನೆಗಷ್ಟೇ ಉತ್ತರಿಸುತ್ತಾರೆ, ಅದೂ ಬಹಳ ಸಲ "ಪ್ರಾಬ್ಲಮ್ ಇನ್ನೊಮ್ಮೆ ಓದಿ" ಅಂತ. ಅರ್ಹತೆ, ಹೆಸರು, ಐಡಿ ಕಾರ್ಡ್ ಬಗೆಗಿನ ಅನುಮಾನವನ್ನು ಮೊದಲೇ ಆಯೋಜಕರಿಗೆ ಮೇಲ್ ಮಾಡಿ. ಟೀಮ್ ಹೆಸರು, ಕಾಲೇಜಿನ ಹೆಸರು, ಯಾವ ನಿಯಮ, ಏನು ಅನುಮಾನ, ನಾಲ್ಕು ಸಾಲು ಸಾಕು. ಕೋಚ್ ಮೇಲ್‌ನಿಂದ ಹೋದರೆ ಇನ್ನೂ ಒಳ್ಳೆಯದು. ಬಂದ ಉತ್ತರವನ್ನು ಪ್ರಿಂಟ್ ಹಾಕಿ, ಬೋನಫೈಡ್ ಜೊತೆ ಅದೇ ಫೈಲಿನಲ್ಲಿ ಇಟ್ಟುಕೊಳ್ಳಿ. ಗೇಟಿನಲ್ಲಿ ಕೂತ ಸ್ವಯಂಸೇವಕರಿಗೆ ನಿಮ್ಮ ಮೇಲ್ ವಿಷಯ ಗೊತ್ತಿರುವುದಿಲ್ಲ.